ಏನೂ ಸುದ್ದಿ ಇಲ್ಲ, ಎಲ್ಲಾ ಸುಖ

"ಅಯ್ಯೋ ಅಜ್ಜಾ, ಮತ್ತೆ ನಿಲ್ಲಿಸಬೇಕಾ?" ಶಮ್ಸಾ ಹಿಂದಿನ ಸೀಟಿನಿಂದ ಕೂಗಿದಳು.

ಅಷ್ಟರಲ್ಲಿ ಅಪ್ಪ ಬ್ರೇಕ್ ಒತ್ತಿಯಾಗಿತ್ತು. ಎದುರಿಗೆ ಬರುತ್ತಿದ್ದ ನೀರಿನ ಟ್ಯಾಂಕರ್ ಕೂಡ ನಿಂತಿತು. ಟಾರಿನ ಮೇಲಿನ ಮರಳಿನಿಂದ ಎದ್ದು ಅಷ್ಟು ಹೊತ್ತು ಕಾರಿನ ಹಿಂದೆ ಓಡಿ ಬರುತ್ತಿದ್ದ ಧೂಳೆಲ್ಲ ಈಗ ಕಿಟಕಿಯೊಳಗೆ ನುಗ್ಗಿತು. ತಮ್ಮ ಖಲ್ಫಾನ್ ನಾಲ್ಕು ಸಲ ಸೀನಿದ. ಅಮ್ಮ ಮಾತ್ರ ಮುಖದ ಮೇಲೆ ಓಢಣಿ ಎಳೆದುಕೊಂಡು ಮಲಗಿಯೇ ಇದ್ದಳು.

ಅಜ್ಜ ಕಾಫಿ ಫ್ಲಾಸ್ಕನ್ನೂ ಖರ್ಜೂರದ ಡಬ್ಬಿಯನ್ನೂ ಎತ್ತಿಕೊಂಡು ಇಳಿದರು. ಟ್ಯಾಂಕರ್ ಡ್ರೈವರೂ ಇಳಿದ.

"ಹೇಗಿದ್ದೀರಿ?"

"ದೇವರ ದಯೆ. ನೀವು ಹೇಗಿದ್ದೀರಿ?"

"ದೇವರ ದಯೆ. ಮನೆಯವರೆಲ್ಲ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ. ಸುದ್ದಿ ಏನು?"

"ಏನೂ ಸುದ್ದಿ ಇಲ್ಲ, ಎಲ್ಲಾ ಸುಖ. ನಿಮ್ಮ ಕಡೆ ಸುದ್ದಿ?"

"ಏನೂ ಸುದ್ದಿ ಇಲ್ಲ, ಎಲ್ಲಾ ಸುಖ."

ಬೆಳಿಗ್ಗೆಯಿಂದ ಇದು ಮೂರನೇ ಸಲ. ಮೊದಲು ಸಿಕ್ಕವನು ಒಬ್ಬ ಆಡು ಕಾಯುವವನು. ಆಮೇಲೆ ಪಂಕ್ಚರ್ ಹಾಕಿ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ ಇನ್ನೊಬ್ಬ. ಈಗ ಈ ಟ್ಯಾಂಕರಿನವನು. ಮೂವರ ಹತ್ತಿರವೂ ಅದೇ ಪ್ರಶ್ನೆ, ಅದೇ ಉತ್ತರ. ಏನೂ ಸುದ್ದಿ ಇಲ್ಲ ಎಂದು ಇಬ್ಬರೂ ಹೇಳಿಯಾದ ಮೇಲೆ ಟಾಟಾ ಮಾಡಿ ಹೊರಡಬೇಕು ತಾನೇ? ಊಹೂಂ. ಟ್ಯಾಂಕರಿನ ಆಚೆ ಬದಿಯ ನೆರಳಲ್ಲಿ ಚಾಪೆ ಹಾಸಿ ಕೂತೇಬಿಟ್ಟರು. ಅಪ್ಪನೂ ಹೋಗಿ ಕೂತ.

ಶಮ್ಸಾ ತೊಡೆಯ ಮೇಲಿದ್ದ ಗಾಳದ ಕೋಲನ್ನು ಒಮ್ಮೆ ಸವರಿದಳು. ಈದ್ ಹಬ್ಬಕ್ಕೆ ಅಜ್ಜ ಕೊಟ್ಟದ್ದು. ರೀಲಿನ ಪ್ಲಾಸ್ಟಿಕ್ ಕವರ್ ಕೂಡ ಇನ್ನೂ ತೆಗೆದಿರಲಿಲ್ಲ. ಅಪ್ಪ ಎಣ್ಣೆ ಬಾವಿಯ ಕ್ಯಾಂಪಿನಿಂದ ಎರಡು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಹೋದ ಸಲ ಬಂದಾಗ ಗಾಡಿ ಕೆಟ್ಟಿತ್ತು. ಅದರ ಹಿಂದಿನ ಸಲ ಯಾರದೋ ಮದುವೆ. ಇವತ್ತು ಬಿಟ್ಟರೆ ಶುಕ್ರವಾರ-ಶನಿವಾರದ ರಜೆ ಮುಗಿದು ನಾಳೆ ಭಾನುವಾರ, ಸ್ಕೂಲು. ಆಮೇಲೆ ಪರೀಕ್ಷೆ.

ಐದು ಗಂಟೆಗೆ ಉಬ್ಬರ. ಸಮುದ್ರ ಉಬ್ಬಿದಾಗ ಶೇರಿ ಮೀನು ಹಿಂಡುಹಿಂಡಾಗಿ ಅವರು ಹೊರಟಿದ್ದ ಚಿಕ್ಕ ಕೊಲ್ಲಿಯೊಳಗೆ ನುಗ್ಗುತ್ತದೆ. ನೀರು ಇಳಿಯಲು ಶುರುವಾದರೆ ಅದರ ಜೊತೆಗೇ ವಾಪಸ್. ಹೀಗೆಂದು ಹೇಳಿದ್ದೇ ಅಜ್ಜ. ಹೇಳಿದವರೇ ಈಗ ಖರ್ಜೂರ ತಿನ್ನುತ್ತಾ ಕೂತಿದ್ದರು!

"ಅಕ್ಕಾ, ಒಂಟೆ ನೋಡು!" ಖಲ್ಫಾನ್ ಅವಳ ತೋಳು ಎಳೆದ.

ರಸ್ತೆಯ ಎಡಕ್ಕೆ, ದೂರದಲ್ಲಿ, ಯಾರೋ ಬಿಟ್ಟುಹೋದ ತುಕ್ಕು ಹಿಡಿದ ನೀರಿನ ತೊಟ್ಟಿ ಬಿದ್ದಿತ್ತು. ಅದರ ಪಕ್ಕದ ಒಂಟಿ ಮರದ ಕೆಳಗೆ ಬಿಳಿ ಒಂಟೆಯೊಂದು ನಿಂತಿತ್ತು. ಅದರ ಮುಂಗಾಲಿಗೆ ಕೆಂಪು ಬಟ್ಟೆ ಕಟ್ಟಿತ್ತು.

"ಅದರ ಹೊಟ್ಟೆ ನೋಡು, ಹಬ್ಬದ ಊಟ ಮಾಡಿದ ಅಜ್ಜನ ಹೊಟ್ಟೆ ಥರಾನೇ ಇದೆ!"

"ಹುಟ್ಟಿದಾಗಿಂದ ಒಂಟೆ ನೋಡೇ ಇಲ್ಲ ಅನ್ನೋ ಹಾಗೆ ಆಡಬೇಡ. ಸುಮ್ನೆ ಕೂತ್ಕೋ."

ಅಜ್ಜ ವಾಪಸ್ ಬಂದು ಕೂತಾಗ ಶಮ್ಸಾಳಿಗೆ ತಡೆಯಲಾಗಲಿಲ್ಲ.

"ಅಜ್ಜಾ, ಸುದ್ದಿ ಇಲ್ಲ ಅಂದ್ರೆ ಕೇಳೋದ್ಯಾಕೆ?"

"ಮೊದಲು ಕೂರಬೇಕು ಮಗಾ. ಕಾಫಿ ಕುಡೀಬೇಕು. ಸುದ್ದಿ ಆಮೇಲೆ ತಾನಾಗೇ ಬರುತ್ತೆ."

"ಸುದ್ದಿ ತಾನಾಗೇ ಬರುತ್ತೆ. ಮೀನು ಬರಲ್ಲ!"

ಅಪ್ಪ ನಕ್ಕ. ಅಮ್ಮ ಓಢಣಿಯ ಒಳಗಿನಿಂದಲೇ, "ಶಮ್ಸಾ, ಬಾಯಿ!" ಎಂದಳು.

ಆಮೇಲೆ ಟಾರು ರಸ್ತೆ ಮುಗಿಯಿತು. ಕಲ್ಲುದಾರಿಯಲ್ಲಿ ಕಾರು ಗಡಗಡ ಎಂದು ಹಲ್ಲು ಕಡಿಯುವ ಹಾಗೆ ನಡುಗಿತು. ಖಲ್ಫಾನ್ ಎರಡು ಸಲ ಉಚ್ಚೆಗೆ ಹೋಗಬೇಕು ಎಂದ. ಮೂರನೇ ಸಲ ಕೇಳಿದಾಗ ಶಮ್ಸಾ ಅವನ ನೀರಿನ ಬಾಟಲಿಯನ್ನೇ ಕಿತ್ತುಕೊಂಡಳು. ಗಂಟೆ ಎರಡೂವರೆ. ಅಪ್ಪ ಫೋನಿನ ಮ್ಯಾಪ್ ನೋಡುತ್ತಾ, "ಈ ಉಪ್ಪುನೆಲ ಅಡ್ಡ ದಾಟಿದರೆ ಅರ್ಧ ಗಂಟೆ ಉಳಿಯುತ್ತೆ" ಎಂದ.

"ಬೇಡ. ಹಳೇ ಚಕ್ರದ ಗುರುತು ಬಿಟ್ಟು ಹೋಗಬಾರದು. ಮೇಲೆ ಒಣಗಿದ ಹಾಗೆ ಕಾಣುತ್ತೆ, ಒಳಗೆಲ್ಲ ಕೆಸರು" ಎಂದರು ಅಜ್ಜ.

"ಹೋಗೋಣ ಅಪ್ಪಾ, ಪ್ಲೀಸ್! ಎಷ್ಟು ಲೇಟಾಗಿದೆ ನೋಡು!" ಎಂದಳು ಶಮ್ಸಾ.

ಅಪ್ಪ ಸ್ಟಿಯರಿಂಗ್ ತಿರುಗಿಸಿದ. ನೆಲ ರೊಟ್ಟಿ ಕಾವಲಿಯ ಹಾಗೆ ಸಮತಟ್ಟಾಗಿತ್ತು. ಕಾರು ನುಣ್ಣಗೆ ಓಡಿತು. "ನೋಡಿದ್ಯಾ ಅಜ್ಜಾ!" ಎಂದು ಶಮ್ಸಾ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಚಕ್ರದ ಕೆಳಗೆ ಏನೋ ಹಪ್ಪಳದಂತೆ ಒಡೆಯಿತು. ಕಾರಿನ ಮೂತಿ ಕುಕ್ಕರಿಸಿತು. ಅಪ್ಪ ಆಕ್ಸಿಲರೇಟರ್ ಒತ್ತಿದ. ಚಕ್ರ ಗಿರಗಿರ ತಿರುಗಿ ಕಪ್ಪು ಕೆಸರನ್ನು ಕಿಟಕಿಯವರೆಗೆ ಎರಚಿತು.

ಅಮ್ಮ ಓಢಣಿ ತೆಗೆದು ಹೊರಗೆ ನೋಡಿದಳು.

"ಅರ್ಧ ಗಂಟೆ ಉಳೀತಾ?" ಎಂದು ಕೇಳಿದಳು.

ಎಲ್ಲರೂ ಇಳಿದರು. ಅಪ್ಪ ಚಕ್ರಗಳ ಗಾಳಿ ಇಳಿಸಿದ. ಅಮ್ಮ ಚಾಪೆ ಕೊಟ್ಟಳು, ಅದೂ ಕೆಸರಿಗೆ ಹೋಯಿತು. ಶಮ್ಸಾ ಮೊಣಕಾಲೂರಿ ಕೈಯಿಂದಲೇ ಕೆಸರು ತೋಡಿದಳು. ಒಂದು ಬೊಗಸೆ ತೆಗೆದರೆ ಎರಡು ಬೊಗಸೆ ಒಳಗೆ ಬರುತ್ತಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಉಬ್ಬರ ಬಂದರೆ ಈ ನೆಲಕ್ಕೂ ನೀರು ಬರುತ್ತದೆ ಎಂದು ಅಜ್ಜ ಮೆಲ್ಲಗೆ ಅಪ್ಪನ ಕಿವಿಯಲ್ಲಿ ಹೇಳಿದ್ದು ಅವಳಿಗೂ ಕೇಳಿಸಿತು.

ಮೂರು ಗಂಟೆ ದಾಟಿದ ಮೇಲೆ ದೂರದ ಹಳೇ ದಾರಿಯಲ್ಲಿ ಒಂದು ಪಿಕಪ್ ಕಾಣಿಸಿತು. ಖಲ್ಫಾನ್ ಅಂಗಿ ಬಿಚ್ಚಿ ಬೀಸಿದ. ಪಿಕಪ್ ಗಟ್ಟಿ ನೆಲದ ಅಂಚಿಗೆ ಬಂದು ನಿಂತಿತು. ಅದರಿಂದ ಇಳಿದವರು ಅಜ್ಜನಷ್ಟೇ ವಯಸ್ಸಿನವರು. ತೆಳ್ಳಗಿದ್ದರು, ಬಿಳಿ ಗಡ್ಡ. ಮುಸಲ್ಲಂ ಎಂದು ಹೆಸರು ಹೇಳಿದರು. ಅಜ್ಜ ಕೆಸರುಗೈ ಒರೆಸಿಕೊಂಡು ಮುಂದೆ ಹೋದರು.

"ಹೇಗಿದ್ದೀರಿ?"

"ದೇವರ ದಯೆ. ನೀವು ಹೇಗಿದ್ದೀರಿ?"

"ದೇವರ ದಯೆ. ಮನೆಯವರೆಲ್ಲ ಹೇಗಿದ್ದಾರೆ?"

ಶಮ್ಸಾ ಹಲ್ಲು ಕಚ್ಚಿದಳು.

"ಚೆನ್ನಾಗಿದ್ದಾರೆ. ಸುದ್ದಿ ಏನು?" ಎಂದರು ಮುಸಲ್ಲಂ.

"ಏನೂ ಸುದ್ದಿ ಇಲ್ಲ, ಎಲ್ಲಾ ಸುಖ" ಎಂದರು ಅಜ್ಜ. ಅವರ ಹಿಂದೆ ಕಾರು ಹೊಟ್ಟೆಯವರೆಗೆ ಹೂತು ಕೂತಿತ್ತು. "ನಿಮ್ಮ ಕಡೆ ಸುದ್ದಿ?"

"ಏನೂ ಸುದ್ದಿ ಇಲ್ಲ, ಎಲ್ಲಾ ಸುಖ."

ಅಜ್ಜ ಫ್ಲಾಸ್ಕಿಗೆ ಕೈ ಹಾಕಿದರು. ಅಷ್ಟೇ, ಶಮ್ಸಾಳ ತಲೆ ಕೆಟ್ಟಿತು.

"ಸುಖಾನಾ? ಎಲ್ಲಿದೆ ಸುಖ? ಕಾರು ಮುಳುಗ್ತಾ ಇದೆ! ಉಬ್ಬರ ಬರ್ತಾ ಇದೆ! ಮೊದಲು ಹಗ್ಗ ಕಟ್ಟಿ, ನಿಮ್ಮ ಸುದ್ದಿಗಿದ್ದಿ ಎಲ್ಲಾ ಆಮೇಲೆ ಮಾತಾಡ್ಕೊಳ್ಳಿ!"

ಅಮ್ಮನ ಮುಖ ಕೆಂಪಾಯಿತು. ಅಪ್ಪ ನೆಲ ನೋಡಿದ. ಅಜ್ಜ ಫ್ಲಾಸ್ಕಿನ ಮುಚ್ಚಳ ಮತ್ತೆ ಬಿಗಿ ಮಾಡಿದರು. ಮುಸಲ್ಲಂ ಒಂದು ಕ್ಷಣ ಅವಳನ್ನೇ ನೋಡಿ ನಕ್ಕುಬಿಟ್ಟರು.

"ಹುಡುಗಿ ಹೇಳೋದು ಸರಿ. ಅವಸರದವರನ್ನ ಕೂರಿಸಬಾರದು. ಬನ್ನಿ, ಹಗ್ಗ ತರೋಣ."

ಮುಸಲ್ಲಂ ಪಿಕಪ್ಪಿನಲ್ಲಿದ್ದ ಹಲಗೆಗಳನ್ನು ತಂದು ಚಕ್ರದ ಕೆಳಗೆ ತೂರಿಸಿದರು. ಒಂಟೆಯ ಬೆನ್ನಿಗೆ ಹಾಸುವ ದಪ್ಪ ಕಂಬಳಿಯನ್ನೂ ತಂದು ಕೆಸರಿಗೆ ಹಾಸಿದರು. "ಅಯ್ಯೋ, ಒಳ್ಳೇ ಕಂಬಳಿ!" ಎಂದಳು ಅಮ್ಮ. "ಒಗೆದರೆ ಹೋಗುತ್ತಮ್ಮ" ಎಂದರು. ಎರಡು ಸಲ ಹಗ್ಗ ಕಿತ್ತುಬಂತು. ಒಂದು ಸಲ ಅಪ್ಪ ಮುಖ ಅಡಿಯಾಗಿ ಬಿದ್ದ. ಖಲ್ಫಾನ್ ನಕ್ಕ. ಅವನಿಗೆ ಬೈಗುಳ ಬಿತ್ತು.

ಹಲಗೆ ಹಿಡಿದುಕೊಂಡಿದ್ದ ಶಮ್ಸಾ ಒಂದು ವಿಷಯ ಗಮನಿಸಿದಳು. ಬೆನ್ನು ನೆಟ್ಟಗೆ ಮಾಡಿದಾಗಲೆಲ್ಲ ಮುಸಲ್ಲಂ ಕಣ್ಣಿಗೆ ಕೈ ಅಡ್ಡ ಹಿಡಿದು ದೂರಕ್ಕೆ ನೋಡುತ್ತಿದ್ದರು. ಒಂದು ಸಲ ಆ ಕಡೆ, ಒಂದು ಸಲ ಈ ಕಡೆ. ಅಲ್ಲಿ ಏನೂ ಇರಲಿಲ್ಲ. ಆದರೂ ನೋಡುತ್ತಿದ್ದರು.

ನಾಲ್ಕೂಕಾಲಿಗೆ ಕಾರು ದೊಡ್ಡ ಎಮ್ಮೆಯ ಹಾಗೆ ಮುಲುಗುತ್ತಾ ಕೆಸರಿನಿಂದ ಮೇಲೆದ್ದಿತು.

"ಬೇಗ ಹತ್ತಿ! ಇನ್ನೂ ಟೈಮಿದೆ. ಐದಕ್ಕೆ ಅಲ್ಲಿರ್ತೀವಿ!" ಎಂದು ಅಪ್ಪ ಕೂಗಿದ.

ಶಮ್ಸಾ ಹಗ್ಗ ಸುತ್ತಿಕೊಂಡು ಪಿಕಪ್ಪಿನ ಹತ್ತಿರ ಓಡಿದಳು. ಹಿಂದೆ ಹಸಿರು ಹುಲ್ಲಿನ ಕಟ್ಟು ಇತ್ತು. ಅದನ್ನು ಯಾವುದೂ ಮುಟ್ಟಿರಲಿಲ್ಲ. ಪಕ್ಕದಲ್ಲಿ ತುಂಬಿದ ನೀರಿನ ಕ್ಯಾನ್, ಖಾಲಿ ಮೂಗುದಾರ. ಆಗಲೂ ಮುಸಲ್ಲಂ ದೂರಕ್ಕೆ ನೋಡುತ್ತಲೇ ಇದ್ದರು.

ಅವಳಿಗೆ ಥಟ್ಟನೆ ಹೊಳೆಯಿತು. ಇವರು ಏನೋ ಹೇಳಬೇಕು ಅಂತಿದ್ದರು. ನಾನೇ ಬಾಯಿ ಮುಚ್ಚಿಸಿದೆ.

"ಶಮ್ಸಾ! ಬಾ ಬೇಗ!" ಅಪ್ಪ ಹಾರ್ನ್ ಒತ್ತಿದ.

ಅವಳು ಬೆಳಿಗ್ಗೆಯಿಂದ ಕಾದಿದ್ದ ಮಾತು ಅದು. ಗಾಳದ ಕೋಲು ಸೀಟಿನ ಮೇಲಿತ್ತು. ಅವಳು ಕಾರಿನ ಹತ್ತಿರ ಹೋಗಿ, ಕೋಲನ್ನು ಬಿಟ್ಟು ಫ್ಲಾಸ್ಕನ್ನೂ ಖರ್ಜೂರದ ಡಬ್ಬಿಯನ್ನೂ ಎತ್ತಿಕೊಂಡಳು.

"ಇವರಿಗೆ ಕಾಫಿನೇ ಕೊಟ್ಟಿಲ್ಲ" ಎಂದಳು.

"ಈಗಲಾ? ನಿನಗೆ ತಲೆ ನೆಟ್ಟಗಿದೆಯಾ? ಇಷ್ಟು ಹೊತ್ತು ಎಲ್ಲರ ಪ್ರಾಣ ತಿಂದೆ..." ಅಪ್ಪ ಬೈಯತೊಡಗಿದ. ಅಜ್ಜ ಅವನ ಭುಜದ ಮೇಲೆ ಕೈ ಇಟ್ಟು ಕಾರಿನಿಂದ ಇಳಿದರು.

ಚಾಪೆ ಕೆಸರಾಗಿತ್ತು. ಎಲ್ಲರೂ ನೆಲದ ಮೇಲೇ ಕೂತರು. ಶಮ್ಸಾ ಪುಟ್ಟ ಕಪ್ಪಿಗೆ ಕಾಫಿ ಬಗ್ಗಿಸಿ ಮುಸಲ್ಲಂ ಅವರಿಗೆ ಕೊಟ್ಟಳು. ಅವರು ಕುಡಿದರು. ಅವಳು ಮತ್ತೆ ಬಗ್ಗಿಸಿದಳು. ಒಳಗೊಳಗೇ ಅವಳು ಚಡಪಡಿಸುತ್ತಿದ್ದಳು. ಒಂದೊಂದು ಗುಟುಕಿಗೂ ಒಂದೊಂದು ಮೀನು ಕೊಲ್ಲಿಯಿಂದ ಹೊರಗೆ ಹೋಗುತ್ತಿರುವ ಹಾಗೆ ಅನಿಸಿತು. ಆದರೂ ಬಾಯಿ ಬಿಡಲಿಲ್ಲ. ಎರಡನೇ ಕಪ್ಪು ಮುಗಿದ ಮೇಲೆ ಕೇಳಿದಳು.

"ತಾತಾ, ಸುದ್ದಿ ಏನು?"

"ಏನೂ ಸುದ್ದಿ ಇಲ್ಲ ಮಗಳೇ, ಎಲ್ಲಾ ಸುಖ."

ಅವಳು ಮೂರನೇ ಕಪ್ಪು ತುಂಬಿ ಸುಮ್ಮನೆ ಕೂತಳು.

ಮುಸಲ್ಲಂ ಕಪ್ಪನ್ನು ಕೈಯಲ್ಲಿ ತಿರುಗಿಸುತ್ತಾ ಅಜ್ಜನ ಕಡೆ ನೋಡಿದರು. "ಒಂದು ಒಂಟೆ ಇತ್ತು. ಚೊಚ್ಚಲು ಬಸುರಿ. ನಸುಕಿನಲ್ಲಿ ಎದ್ದು ನೋಡ್ತೀನಿ, ಹಗ್ಗ ಕಿತ್ತುಕೊಂಡು ಹೋಗಿದೆ. ದಿನ ತುಂಬಿದೆ. ಒಂಟಿಯಾಗಿ ಎಲ್ಲಾದ್ರೂ ಮಲಗಿಬಿಟ್ಟರೆ ಮರಿಯೂ ಇಲ್ಲ, ತಾಯಿಯೂ ಇಲ್ಲ. ಸಾಕಿದ ಜೀವ ನೋಡಿ, ಊಟ ಸೇರ್ತಿಲ್ಲ. ನೀವು ದಾರಿಯಲ್ಲಿ ಎಲ್ಲಾದರೂ..."

"ಬಿಳೀದಾ? ಮುಂಗಾಲಿಗೆ ಕೆಂಪು ಬಟ್ಟೆ?" ಶಮ್ಸಾ ಚೀರಿದಳು.

ಮುಸಲ್ಲಂ ಅವರ ಕಪ್ಪಿನಿಂದ ಕಾಫಿ ತುಳುಕಿತು.

"ಅಜ್ಜನ ಥರಾ ಹೊಟ್ಟೆ!" ಎಂದ ಖಲ್ಫಾನ್.

"ಟಾರು ರಸ್ತೆ ಪಕ್ಕ, ಒಂದು ತುಕ್ಕು ಹಿಡಿದ ತೊಟ್ಟಿ ಇದೆಯಲ್ಲ, ಅದರ ಹತ್ತಿರದ ಮರದ ಕೆಳಗೆ. ನಾವು ನೋಡಿದಾಗ ನಿಂತುಕೊಂಡೇ ಇತ್ತು. ಮಧ್ಯಾಹ್ನ."

"ಆ ತೊಟ್ಟಿ! ನಾನು ಬೆಳಿಗ್ಗೆಯಿಂದ ಸಮುದ್ರದ ಕಡೆ ಹುಡುಕ್ತಿದ್ದೀನಿ!" ಮುಸಲ್ಲಂ ಎದ್ದೇಬಿಟ್ಟರು. ಸಾಕು ಎನ್ನಲು ಕಪ್ಪು ಅಲ್ಲಾಡಿಸುವುದನ್ನೂ ಮರೆತು ಅದನ್ನು ಅವಳ ಕೈಗೆ ತುರುಕಿದರು. ಏನೋ ಹರಸಿದರು. ಅದು ಪಿಕಪ್ಪಿನ ಸದ್ದಿನಲ್ಲಿ ಕೇಳಿಸಲಿಲ್ಲ. ಧೂಳು ಏಳುತ್ತಾ ಏಳುತ್ತಾ ಚಿಕ್ಕದಾಯಿತು.

ಶಮ್ಸಾ ಆ ಧೂಳನ್ನೇ ನೋಡುತ್ತಾ ನಿಂತಳು. ಮೂರು ಗಂಟೆಗೇ ಹೇಳಬಹುದಿತ್ತು ಎಂದು ಅವಳಿಗೆ ಗೊತ್ತಿತ್ತು. ಅಜ್ಜನಿಗೂ ಗೊತ್ತಿತ್ತು. ಅವರು ಫ್ಲಾಸ್ಕ್ ಎತ್ತಿಕೊಂಡರು.

ಹಳೇ ದಾರಿಯಲ್ಲೇ, ಸುತ್ತಿಕೊಂಡು, ಅವರು ಕೊಲ್ಲಿ ತಲುಪಿದಾಗ ಆರು ಗಂಟೆ. ನೀರು ಆಗಲೇ ಇಳಿಯುತ್ತಿತ್ತು. ಶಮ್ಸಾ ರೀಲಿನ ಕವರ್ ಹರಿದು ಗಾಳ ಎಸೆದಳು. ಪಾಚಿ ಬಂತು. ಮತ್ತೆ ಎಸೆದಳು. ಮತ್ತೆ ಪಾಚಿ. ಮೂರನೇ ಸಲ ಒಂದು ಏಡಿ ಎರೆ ತಿಂದು, ದಾರವನ್ನೂ ಕತ್ತರಿಸಿಕೊಂಡು ಹೋಯಿತು. ಅವಳಿಗೆ ಅಳುವೇ ಬಂತು, ಅತ್ತಳು ಕೂಡ. ಅಜ್ಜ ಪಕ್ಕದಲ್ಲಿ ಕೂತು ಹೊಸ ಗಾಳ ಕಟ್ಟಿಕೊಟ್ಟರು. ಕತ್ತಲಾಗುವವರೆಗೂ ಒಂದು ಮೀನೂ ಕಚ್ಚಲಿಲ್ಲ.

ವಾಪಸ್ ಬರುವಾಗ ಟಾರು ರಸ್ತೆ ಸಿಗುವ ಕಡೆ ಇದ್ದ ಪುಟ್ಟ ಅಂಗಡಿಯೊಂದರ ದೀಪ ಕಂಡಿತು.

"ಅಪ್ಪಾ, ನಿಲ್ಲಿಸು" ಎಂದಳು ಶಮ್ಸಾ.

"ಮತ್ತೆ ನಿಲ್ಲಿಸಬೇಕಾ?" ಅಪ್ಪ ತಲೆ ಚಚ್ಚಿಕೊಂಡು ನಿಲ್ಲಿಸಿದ.

ಅಂಗಡಿಯ ಮುಂದೆ ದಪ್ಪ ಮೀಸೆಯವನೊಬ್ಬ ಕೂತಿದ್ದ. ಹೇಗಿದ್ದೀರಿ, ದೇವರ ದಯೆ, ಮನೆಯವರೆಲ್ಲ ಹೇಗಿದ್ದಾರೆ, ಎಲ್ಲ ಆಯಿತು. ಸುದ್ದಿ ಏನು ಎಂದು ಅವನು ಅಜ್ಜನನ್ನು ಕೇಳಿದ. ಅಜ್ಜ ಶಮ್ಸಾಳ ಕಡೆ ನೋಡಿದರು.

ಅವಳ ಬಟ್ಟೆಯ ತುಂಬ ಕೆಸರು ಒಣಗಿ ಬಿಳಿ ಉಪ್ಪಾಗಿತ್ತು. ಕೂದಲಲ್ಲಿ ಪಾಚಿ ಇತ್ತು.

"ಏನೂ ಸುದ್ದಿ ಇಲ್ಲ, ಎಲ್ಲಾ ಸುಖ" ಎಂದಳು ಶಮ್ಸಾ. "ನಿಮ್ಮ ಕಡೆ ಸುದ್ದಿ?"

"ಏನೂ ಸುದ್ದಿ ಇಲ್ಲ, ಎಲ್ಲಾ ಸುಖ."

ಅವಳು ಫ್ಲಾಸ್ಕಿನ ತಳದಲ್ಲಿದ್ದ ಕಾಫಿಯಲ್ಲಿ ಅರ್ಧ ಅವನಿಗೆ ಬಗ್ಗಿಸಿ ಕೊಟ್ಟಳು. ಅವನು ನಿಧಾನವಾಗಿ ಕುಡಿದ. ಮೀಸೆ ಒರೆಸಿಕೊಂಡ.

"ಈಗ ನಮ್ಮ ಮುಸಲ್ಲಂ ಇಲ್ಲಿ ನೀರಿಗೆ ಬಂದಿದ್ರು ನೋಡಿ" ಎಂದು ಶುರು ಮಾಡಿದ. "ಬೆಳಿಗ್ಗೆಯಿಂದ ಅವರ ಒಂಟೆ ಕಾಣೆಯಾಗಿತ್ತಂತೆ. ತುಕ್ಕು ತೊಟ್ಟಿ ಹತ್ತಿರ ಮಲಗಿತ್ತಂತೆ, ಮರಿಯ ಕಾಲು ಮಾತ್ರ ಹೊರಗೆ ಬಂದಿತ್ತಂತೆ. ಇವರು ಹೋಗಿ ಎಳೆದು ಉಳಿಸಿದ್ರಂತೆ. ಹೆಣ್ಣು ಮರಿ. ಯಾರೋ ಒಬ್ಬ ಹುಡುಗಿ ನೋಡಿ ಹೇಳಿದ್ಲಂತೆ. ಬಾಯಿ ಮಾತ್ರ ಬಹಳ ಜೋರಂತೆ."

ಖಲ್ಫಾನ್ ಬಾಯಿ ತೆರೆದ. ಶಮ್ಸಾ ಅವನ ಕಾಲು ತುಳಿದಳು. ಅಂಗಡಿಯವನ ಖಾಲಿ ಕಪ್ಪಿಗೆ ಉಳಿದ ಕಾಫಿಯನ್ನೂ ಬಗ್ಗಿಸಿ, ಅಜ್ಜನ ಪಕ್ಕ ಹೋಗಿ ಆರಾಮಾಗಿ ಕೂತುಕೊಂಡಳು.

"ಹೌದಾ?" ಎಂದಳು. "ಆಮೇಲೆ?"