ಬೆನ್ನಿಗೆ ಬಿದ್ದ ಗುಂಡು

ದೋಣಿ ಮರಳಿಗೆ ತಗುಲಿ ನಿಂತಿತ್ತು. ಒಳಗೆ ಇಬ್ಬರು. ಕೈದಿ ಡೆನ್ನಿಸ್ ರೋರ್ಕ್ ಹುಟ್ಟುಗಳನ್ನು ಹಿಡಿದಂತೆಯೇ ಮುಂದಕ್ಕೆ ಬಾಗಿ ಸತ್ತಿದ್ದ. ಬೆನ್ನಿನ ನಡುವೆ ಗುಂಡಿನ ತೂತು. ಅವನ ಕಾಲ ಬಳಿ, ದೋಣಿಯ ತಳದಲ್ಲಿ, ಇನ್ನೊಬ್ಬ ಕೈದಿ ಅಬೆಲ್ ಟ್ರಾಂಟರ್ ಜ್ವರದಲ್ಲಿ ನಡುಗುತ್ತ ಮಲಗಿದ್ದ.

ಹ್ಯಾಲೋ ಕೊಲ್ಲಿಯ ಕೈದಿಗಳ ವಸಾಹತಿನಿಂದ ಮೂರು ದಿನದ ಹಿಂದೆ ಇದೇ ದೋಣಿ ಕದ್ದು ಓಡಿದವರು ಇವರು.

"ನಾನೇ ಹೊಡೆದದ್ದು ಸಾರ್," ಎಂದ ಕಾವಲಿನ ಕಾರ್ಪೊರಲ್ ಹಸ್ಕಿನ್. "ಇಷ್ಟು ದಿನ ಪೊದೆಯಲ್ಲಿ ಅಡಗಿದ್ರು. ಬೆಳಿಗ್ಗೆ ಸಮುದ್ರದ ಕಡೆ ಹೊರಟ್ರು. ನಿಲ್ರೋ ಅಂದೆ, ನಿಲ್ಲಲಿಲ್ಲ. ದಡದಿಂದ ಒಂದೇ ಗುಂಡು."

ಪೊಲೀಸ್ ಅಧಿಕಾರಿ ಓರ್ಮ್ ದೋಣಿಯನ್ನು ಒಮ್ಮೆ ಸುತ್ತಿ ನೋಡಿದ. ದೋಣಿಯ ಮೂತಿ ಸಮುದ್ರದತ್ತಲೇ ಇತ್ತು. ಓಡುವವನಿಗೆ ಗುಂಡು ಬೆನ್ನಿಗೇ ಬೀಳುತ್ತದೆ. ಎಲ್ಲ ಸರಿಯಾಗಿಯೇ ಕಾಣುತ್ತಿತ್ತು.

"ಸುಳ್ಳು ದೊರೆ," ಎಂದ ಟ್ರಾಂಟರ್. "ನಾವು ವಾಪಸ್ ಬರ್ತಿದ್ವಿ. ಶರಣಾಗೋಕೆ."

ಹಸ್ಕಿನ್ ನಕ್ಕ. "ಹೌದೌದು, ಇಲ್ಲಿನ ಗಂಜಿ ನೆನಪಾಗಿರ್ಬೇಕು!"

* * *

ತಾನಾಗಿ ಬಂದು ಶರಣಾದವನಿಗೆ ಚಾವಟಿ. ಓಡುವಾಗ ಎರಡನೇ ಸಲ ಸಿಕ್ಕವನಿಗೆ ಹೋಬಾರ್ಟ್ ಪಟ್ಟಣದಲ್ಲಿ ನೇಣು. ಟ್ರಾಂಟರ್‌ಗೆ ಇದು ಎರಡನೇ ಸಲ. ದೋಣಿ ಯಾವ ಕಡೆ ಹೋಗುತ್ತಿತ್ತು ಎನ್ನುವುದರ ಮೇಲೆ ಅವನ ಕುತ್ತಿಗೆ ನಿಂತಿತ್ತು.

"ಯಾಕೆ ವಾಪಸ್ ಬಂದ್ರಿ?" ಓರ್ಮ್ ಕೇಳಿದ.

"ಕೊಲ್ಲಿ ದಾಟಿದ್ರೆ ಬರೀ ಸಮುದ್ರ ದೊರೆ. ಕುಡಿಯೋ ನೀರು ಮುಗೀತು. ನನಗೆ ಜ್ವರ. 'ಸಾಯ್ತೀಯ ಕಣೋ, ನಡಿ ಹೋಗೋಣ. ಬೆನ್ನಿನ ಚರ್ಮ ಹೋದ್ರೆ ಮತ್ತೆ ಬರತ್ತೆ' ಅಂದ ರೋರ್ಕ್."

"ದೋಣಿ ಹೇಗೆ ಕದ್ದಿರಿ?"

"ಕದಿಯೋದೇನು! ಹಸ್ಕಿನ್ ಸಾಹೇಬ್ರು ರಮ್ ಕುಡಿದು ದೋಣಿ ಪಕ್ಕದಲ್ಲೇ ಗೊರಕೆ ಹೊಡೀತಿದ್ರು. ಅವರನ್ನ ದಾಟ್ಕೊಂಡೇ ಹೋದ್ವಿ."

* * *

ಮಧ್ಯಾಹ್ನ ಓರ್ಮ್ ಎಲ್ಲರನ್ನೂ ದಡಕ್ಕೆ ಕರೆಸಿದ. ವಸಾಹತಿನ ಕಮಾಂಡೆಂಟ್ ಬಂದ. ಟ್ರಾಂಟರ್‌ನನ್ನು ಹೊತ್ತು ತಂದರು.

"ದೋಣಿ ಹತ್ತು ಹಸ್ಕಿನ್. ಸಮುದ್ರದ ಕಡೆ ಹುಟ್ಟು ಹಾಕು."

ಹಸ್ಕಿನ್ ಹಲಗೆಯ ಮೇಲೆ ಕೂತು ಹುಟ್ಟು ಎಳೆದ. ದೋಣಿ ದಡ ಬಿಟ್ಟಿತು.

"ಸಾಕು. ಎದುರಿಗೆ ಏನು ಕಾಣ್ತಿದೆ?"

"ನೀವೇ ಸಾರ್. ದಡ..."

ಹಸ್ಕಿನ್‌ನ ಕೈ ನಿಂತುಹೋಯಿತು.

"ಈಗ ಇಲ್ಲಿಂದ ಗುಂಡು ಹೊಡೆದ್ರೆ ನಿನ್ನ ಎದೆಗೆ ಬೀಳತ್ತೆ," ಎಂದ ಓರ್ಮ್. "ನೆಲದ ಮೇಲೆ ಓಡೋನು ಬೆನ್ನು ತೋರಿಸ್ತಾನೆ. ಹುಟ್ಟು ಎಳೆಯೋನು ಬಿಟ್ಟುಹೋಗೋ ದಡವನ್ನೇ ನೋಡ್ತಾ ಹೋಗ್ತಾನೆ. ಗುಂಡು ಬಿದ್ದಾಗ ರೋರ್ಕ್‌ನ ಬೆನ್ನು ದಡದ ಕಡೆಗಿತ್ತು. ಅಂದ್ರೆ ಅವನು ಬರ್ತಿದ್ದ. ದೋಣಿಯ ಮೂತಿ ಆಮೇಲೆ ಅಲೆಗೆ ತಿರುಗಿತು. ಅವನು ದಡ ಮುಟ್ಟಿದ್ರೆ ನಿನ್ನ ಗೊರಕೆ ಸುದ್ದಿ ಹೊರಬೀಳ್ತಿತ್ತು. ಕಾವಲಲ್ಲಿ ಕುಡಿದು ಮಲಗಿದ ಸಿಪಾಯಿಗೂ ಚಾವಟಿಯೇ. ತಳದಲ್ಲಿ ಮಲಗಿದ್ದ ಟ್ರಾಂಟರ್ ನಿನಗೆ ಕಾಣಲಿಲ್ಲ, ಒಬ್ಬನೇ ಬರ್ತಿದ್ದಾನೆ ಅಂದ್ಕೊಂಡೆ."

ಹಸ್ಕಿನ್ ಹುಟ್ಟುಗಳನ್ನು ದೋಣಿಯೊಳಗೆ ಎಳೆದಿಟ್ಟ.

"ರೋರ್ಕ್ ಒಂದು ಸಲ ತಿರುಗಿ ನನ್ನ ನೋಡಿದ್ರೆ ಹೊಡೀತಿರ್ಲಿಲ್ಲ ಸಾರ್," ಎಂದ. "ಅವನು ನೋಡಲೇ ಇಲ್ಲ."

ಸಿಪಾಯಿಗಳು ದೋಣಿಯನ್ನು ದಡಕ್ಕೆ ಎಳೆದು ಅವನ ಕೈ ಕಟ್ಟಿದರು.

ಓರ್ಮ್ ಟ್ರಾಂಟರ್‌ನ ಬಳಿ ಬಗ್ಗಿದ. "ನೇಣು ತಪ್ಪಿತು. ಬದುಕ್ತೀಯ."

ಟ್ರಾಂಟರ್ ಕಣ್ಣು ತೆರೆದ.

"ಇಲ್ಲೇನಾ ದೊರೆ?"

"ಇಲ್ಲೇ."

ಅವನು ಮತ್ತೆ ಕಣ್ಣು ಮುಚ್ಚಿದ.