ಮೂರನೇ ಬ್ರಷ್ಷಿನ ಗಂಡಸು

"ನಿನಗಿಲ್ಲ," ಎಂದಳು ಗ್ರಾಜಿನಾ ಆಂಟಿ.

ಅವಳ ಬೇಕರಿಯ ಗಾಜಿನ ಕಪಾಟಿನಲ್ಲಿ ಗುಲಾಬಿ ಜ್ಯಾಮ್ ತುಂಬಿ ಕರಿದ ಪೋಲಿಷ್ ಬನ್ನುಗಳು, ಪೊಂಚ್ಕಿಗಳು, ಮದುವಣಗಿತ್ತಿಯರ ಹಾಗೆ ಸಕ್ಕರೆ ಪೌಡರ್ ಹಚ್ಚಿಕೊಂಡು ಸಾಲಾಗಿ ಕೂತಿದ್ದವು.

"ಇಷ್ಟೊಂದು ಇದಾವಲ್ಲ ಆಂಟಿ."

"ಇದಾವೆ. ನಿನಗಿಲ್ಲ ಅಂದೆ."

"ಅಂಥದ್ದು ನಾನೇನು ಮಾಡಿದೆ?"

"ಏನು ಮಾಡಿದೆ ಅಂತ ಇಡೀ ಬ್ರೂಕ್ಲಿನ್ ನೋಡಿದೆ. ನನ್ನ ಮೊಮ್ಮಗಳು ಫೋನಲ್ಲಿ ತೋರಿಸಿದಳು. ಆ ಹುಡುಗಿ ಬಾತ್‌ರೂಮಲ್ಲಿ ಕೂತು ಕರುಳು ಕಿತ್ತು ಬರೋ ಹಾಗೆ ಅಳ್ತಿದ್ರೆ ನೀನು ಶಿಳ್ಳೆ ಹೊಡೀತಾ ಮೆಟ್ಟಿಲು ಇಳೀತೀಯ. ಶಿಳ್ಳೆ! ಥೂ."

"ಅದು ಆಕ್ಟಿಂಗ್ ಆಂಟಿ. ಹಾಡಿನ ವಿಡಿಯೊ."

"ಆಕ್ಟಿಂಗ್ ಅಂತೆ! ನಿನ್ನ ಮುಖಕ್ಕೆ ಆಕ್ಟಿಂಗ್ ಬೇರೆ ಕೇಡು. ಮುಂದಿನೋರು ಬನ್ನಿ."

ನಾನು ಬರಿಗೈಯಲ್ಲಿ ಮ್ಯಾನ್‌ಹ್ಯಾಟನ್ ಅವೆನ್ಯೂಗೆ ಇಳಿದೆ. ನನ್ನ ನಟನೆಗೆ ಸಿಕ್ಕ ಮೊದಲ ಪ್ರಶಸ್ತಿ ಅದು.

ಹೆಸರು ಕಾರ್ಮೈನ್ ಲೊಬೊಸ್ಕೊ. ವೃತ್ತಿ ಬದಲಿ ಮೇಷ್ಟ್ರು: ಯಾವ ಸ್ಕೂಲಿನಲ್ಲಿ ಯಾರಿಗೆ ನೆಗಡಿಯಾದರೂ ನನಗೆ ಫೋನ್ ಬರುತ್ತಿತ್ತು. ಚಟ ಮಿಮಿಕ್ರಿ. ಮನೆ ಓನರ್, ಪಾದ್ರಿ, ಜಿ ಲೈನಿನ ರೈಲಿನಲ್ಲಿ ಮೂಗಿನಿಂದ ಸ್ಟೇಷನ್ ಕೂಗುವ ಗಾರ್ಡ್, ಚಳಿಗಾಲದಲ್ಲಿ ಕೆಮ್ಮುತ್ತ ಮನೆ ಬೆಚ್ಚಗಿಡುವ ನಮ್ಮ ರೇಡಿಯೇಟರ್, ಯಾರ ದನಿಯನ್ನೂ ಬಿಟ್ಟವನಲ್ಲ. ವಿಡಿಯೊದಲ್ಲಿ ಅಳುವ ಆ ಹುಡುಗಿ, ಹಾಲಿನಾ, ನನಗೆ ಒಲಿದದ್ದೇ ರೇಡಿಯೇಟರ್ ಕೆಮ್ಮಿಗೆ. ಯಾರದೋ ಪಾರ್ಟಿಯಲ್ಲಿ ಅವಳು ಗಿಟಾರ್ ಶ್ರುತಿ ಮಾಡುತ್ತಿದ್ದಳು, ನಾನು ಮೂಲೆಯಲ್ಲಿ ಕೂತು ಕೆಮ್ಮಿದೆ. ಅವಳು ತಲೆ ಎತ್ತದೆ, ಕಣ್ಣನ್ನಷ್ಟೇ ಎತ್ತಿ ನೋಡಿದಳು. ಆ ಅರ್ಧ ನೋಟದ ಉಳಿದರ್ಧಕ್ಕೆ ನಾನು ಅವಳ ಮನೆಯವರೆಗೂ ಹೋದೆ.

ನಾನು ಅವಳನ್ನು ಹಾಲಿ ಎಂದು ಕರೆಯುತ್ತಿದ್ದೆ. ಹಾಲಿ ಇರುವಾಗ ಮಾಜಿಗಳ ಚಿಂತೆ ಯಾರಿಗೆ?

'ಮೂರನೇ ಬ್ರಷ್' ಅವಳು ಹಾಸಿಗೆಯ ಮೇಲೆ ಕಾಲು ಮಡಚಿ ಕೂತು ಬರೆದ ಹಾಡು. ಇಬ್ಬರೇ ಇರುವ ಮನೆಯ ಲೋಟದಲ್ಲಿ ಒಂದು ಬೆಳಗ್ಗೆ ಮೂರನೇ ಟೂತ್‌ಬ್ರಷ್. 'ಯಾರದು ಇದು, ಯಾರದು, ಒದ್ದೆ ಇದೆ ಇನ್ನೂ' ಎಂಬುದು ಪಲ್ಲವಿ. ಅದರಲ್ಲಿ ನಡೆದದ್ದು ಯಾವುದೂ ಅವಳಿಗೆ ನಡೆದಿರಲಿಲ್ಲ.

"ಇಷ್ಟು ದುಃಖ ಎಲ್ಲಿಂದ ತಂದೆ ಕಣೆ?" ಎಂದು ಕೇಳಿದ್ದೆ.

"ನೀನು ಬ್ರಷ್ ತೊಳೆಯೋ ರೀತಿ ನೋಡಿ."

ವಿಡಿಯೊವನ್ನು ನಮ್ಮ ಮನೆಯಲ್ಲೇ ತೆಗೆದೆವು. ಮೋಸಗಾರನ ಪಾತ್ರಕ್ಕೆ ಗೊತ್ತಾಗಿದ್ದ ಸುಂದರಾಂಗ ಆ ದಿನ ಬೆಳಗ್ಗೆ ಫೋನ್ ಮಾಡಿ, ಒಂದು ಟೂತ್‌ಪೇಸ್ಟ್ ಜಾಹೀರಾತು ಸಿಕ್ಕಿದೆ, ಬರಲಾಗುವುದಿಲ್ಲ ಎಂದ. ಕ್ಯಾಮರಾ ಹಿಡಿದಿದ್ದ ಗೆಳತಿ ಕೋಣೆಯನ್ನೊಮ್ಮೆ ನೋಡಿದಳು. ಕೋಣೆಯಲ್ಲಿ ಇದ್ದ ಗಂಡಸು ನಾನೊಬ್ಬನೇ.

ಅಳುವ ದೃಶ್ಯ ಮಾತ್ರ ಮುಗಿಯಲೇ ಇಲ್ಲ. ಪರದೆಯ ಮೇಲೆ ಕಣ್ಣೀರು ಮೆಲ್ಲಗೆ ತೇಲಿಬರಲೆಂದು ಹಾಡನ್ನು ಎರಡರಷ್ಟು ವೇಗದಲ್ಲಿ ಹಾಕಿ ಚಿತ್ರೀಕರಿಸುತ್ತಾರೆ; ಆಮೇಲೆ ನಿಧಾನ ಮಾಡುತ್ತಾರೆ. ಹಾಗಾಗಿ ಹಾಲಿ ಇಲಿಮರಿಯ ದನಿಗೆ ತುಟಿ ಆಡಿಸುತ್ತ ಎದೆ ಒಡೆದುಕೊಳ್ಳಬೇಕಿತ್ತು. ನಾನು ಬಾಗಿಲ ಬಳಿ ಅದೇ ಇಲಿ ದನಿಯಲ್ಲಿ "ಕ್ಷಮಿಸು ಪ್ರಿಯೆ" ಎನ್ನುತ್ತಿದ್ದೆ. ಅವಳು ಬಾತ್‌ಟಬ್ಬಿನೊಳಗೆ ಬಿದ್ದು ನಗುತ್ತಿದ್ದಳು.

ಕೊನೆಗೆ ಏನಾಯಿತೋ, ನಗು ನಿಂತಿತು. ನನ್ನನ್ನೇ ನೋಡಿದಳು. ಕೆಳತುಟಿಯ ಎಡ ತುದಿ ಸ್ವಲ್ಪ ಒಳಗೆ ಸರಿಯಿತು, ಗಲ್ಲ ನಡುಗಿತು, ಕಣ್ಣು ತುಂಬಿತು, ಒಂದೇ ಒಂದು ಹನಿ ಮೂಗಿನ ಪಕ್ಕದ ದಾರಿ ಹಿಡಿದು ಇಳಿಯಿತು. ಕ್ಯಾಮರಾ ಗೆಳತಿ ಉಸಿರು ಬಿಗಿಹಿಡಿದಳು.

"ಏನು ನೆನೆಸಿಕೊಂಡೆ?" ಎಂದು ಆಮೇಲೆ ಅವಳ ಕೂದಲಿಗೆ ಮುಖ ಇಟ್ಟು ಕೇಳಿದೆ.

"ನೀನು ನಿಜವಾಗ್ಲೂ ಆ ಬಾಗಿಲಿಂದ ಹೋಗ್ಬಿಟ್ರೆ ಅಂತ."

ಆ ಒಂದು ಹನಿಯನ್ನು ವಿಟ್ರಿನ್ ಕೊಂಡುಕೊಂಡಿತು.

ದೊಡ್ಡ ರೆಕಾರ್ಡ್ ಕಂಪನಿಗಳೆಲ್ಲ ಹಗೆ ಮರೆತು, ಹಾಡಿನ ವಿಡಿಯೊಗಳಿಗಾಗಿಯೇ ಇಂಟರ್ನೆಟ್ಟಿನಲ್ಲಿ ಸೇರಿ ಕಟ್ಟಿದ್ದ ಸೇವೆ ಅದು. ಜನರ ನೋಟ, ಜಾಹೀರಾತಿನವರ ನೋಟು. ಎರಡನ್ನೂ ಒಂದೇ ಕಿಟಕಿಯಲ್ಲಿ ವಸೂಲು ಮಾಡುವ ಏರ್ಪಾಡು. ಅದರಲ್ಲೊಂದು ಕಂಪನಿ ಹಾಲಿಯ ಜೊತೆ ಒಪ್ಪಂದ ಮಾಡಿಕೊಂಡಿತು. "ಮನೆಯಲ್ಲೇ ಮಾಡಿದ್ದು, ಹಸಿಹಸಿಯಾಗಿದೆ" ಎಂದು ನಮ್ಮ ವಿಡಿಯೊವನ್ನು ಇದ್ದ ಹಾಗೆಯೇ ವಿಟ್ರಿನ್ನಿನ ಮೊದಲ ಪುಟದಲ್ಲಿ ಏರಿಸಿತು. ಬೇಸಿಗೆ ಮುಗಿಯುವಷ್ಟರಲ್ಲಿ ನಾಲ್ಕು ಕೋಟಿ ನೋಟ. ಹಾಲಿ ಹಾಸಿಗೆಯ ಮೇಲೆ ಕುಣಿದಳು. ನಾನು ಕೆಳಗಿನ ಮನೆಯವರು ಚಾವಣಿಗೆ ಪೊರಕೆ ಕುಟ್ಟುವ ಸದ್ದು ಮಾಡಿ ಅವಳನ್ನು ಹೆದರಿಸಿದೆ.

ನಾಲ್ಕು ಕೋಟಿ ಸಲ ನಾನು ಅವಳನ್ನು ಬಿಟ್ಟು ಹೋಗಿದ್ದೆ, ಶಿಳ್ಳೆ ಹೊಡೆಯುತ್ತ.

ಸನ್‌ಸೆಟ್ ಪಾರ್ಕಿನ ಸ್ಕೂಲಿನಲ್ಲಿ ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನಿಂದ "ಯಾರದು ಇದು, ಯಾರದು" ಶುರುವಾಗುತ್ತಿತ್ತು. ಒಂದು ದಿನ ಮೇಜಿನ ಮೇಲೆ ಹೊಸ ಟೂತ್‌ಬ್ರಷ್ ಇಟ್ಟಿದ್ದರು, ರಿಬ್ಬನ್ ಕಟ್ಟಿ.

"ಸರ್, ನಮ್ಮಮ್ಮ ಕೇಳಿದ್ರು, ಇವರೇನಾ ನಿಮಗೆ ನೀತಿಪಾಠ ಹೇಳೋದು ಅಂತ."

"ನಾನು ಹೇಳೋದು ಗಣಿತ."

"ಹೌದು ಸರ್. ಎರಡಕ್ಕೆ ಒಂದು ಕೂಡಿಸಿದ್ರೆ ಮೂರು ಬ್ರಷ್."

ನಕ್ಕೆ. ಒಳ್ಳೆಯ ಜೋಕಿಗೆ ನಗದಿರಲು ನನಗೆ ಬರುವುದಿಲ್ಲ. ಆದರೆ ಅಮ್ಮಂದಿರು ದೂರು ಕೊಟ್ಟರು, ಹೆಡ್ಮೇಡಂ "ಈ ಗಲಾಟೆ ತಣ್ಣಗಾಗಲಿ" ಎಂದರು. ಆಮೇಲೆ ಯಾರಿಗೆ ನ್ಯುಮೋನಿಯಾ ಆದರೂ ನನಗೆ ಫೋನ್ ಬರಲಿಲ್ಲ.

ನಾವು ಬೇಡಿಕೊಂಡ ಮೇಲೆ ವಿಟ್ರಿನ್ನಿನವರು ವಿಡಿಯೊದ ಕೆಳಗೆ ಒಂದು ಸಾಲು ಸೇರಿಸಿದರು: ಪಾತ್ರಗಳು ಕಾಲ್ಪನಿಕ. ಅದನ್ನು ಓದಿದ್ದು ಬೆನ್ಸನ್‌ಹರ್ಸ್ಟಿನಲ್ಲಿರುವ ನನ್ನ ಅಮ್ಮ ಒಬ್ಬಳೇ. ಭಾನುವಾರದ ಮಾಂಸದ ಸಾಸು ಕಲಕುತ್ತ, ಸೌಟು ನನ್ನೆಡೆ ತೋರಿಸಿ, "ಕಾಲ್ಪನಿಕ ಅಂತ ಹಾಕಿದಾರೆ ಅಂದ್ರೆ ನಿಜ ಅಂತಾನೇ ಅರ್ಥ. ಕೋರ್ಟಿಗೆ ಹೆದರಿ ಹಾಕ್ತಾರೆ. ಯಾರೋ ಅವಳು?" ಎಂದಳು.

"ಯಾರೂ ಇಲ್ಲ ಅಮ್ಮ!"

"ನಿಮ್ಮಪ್ಪಾನೂ ಹೀಗೇ ಅಂತಿದ್ದ."

ಅಂದು ಸಂಜೆ ಹಾಲಿ ನನ್ನ ಎರಡು ಕೈಗಳನ್ನೂ ಹಿಡಿದುಕೊಂಡು, "ಬೇರೆ ಆಕ್ಟರ್ ಹಾಕಿ ಮತ್ತೆ ಶೂಟ್ ಮಾಡೋಣ. ನಾಳೇನೇ ಹೋಗಿ ಕೇಳ್ತೀನಿ" ಎಂದಳು.

ವಿಟ್ರಿನ್ನಿನಲ್ಲಿ ಅವಳ ಕೆಲಸ ನೋಡಿಕೊಳ್ಳುತ್ತಿದ್ದವಳು ಪ್ರಿಸಿಲ್ಲಾ ಹೋಲ್ಟ್ಸ್‌ಮನ್. ಬೇಡ ಎನ್ನುವ ಮೊದಲು "ಲವ್ ಇಟ್!" ಎನ್ನುವ ಹೆಂಗಸು. ಮರುದಿನ ಇಬ್ಬರೂ ಅವಳ ಆಫೀಸಿಗೆ ಹೋದೆವು.

"ಲವ್ ಇಟ್! ಆದರೆ ಆಗಲ್ಲ ಪುಟ್ಟ. ಒಂದು ಸಲ ಏರಿಸಿದ ವಿಡಿಯೊನ ಮುಟ್ಟೋ ಹಾಗಿಲ್ಲ. ಒಂದು ಫ್ರೇಮ್ ಬದಲಾಯಿಸಿದ್ರೂ ಅದು ಹೊಸ ವಿಡಿಯೊ. ಎಣಿಕೆ ಸೊನ್ನೆಯಿಂದ ಶುರು."

"ಸೊನ್ನೆ?" ಎಂದಳು ಹಾಲಿ.

"ದೊಡ್ಡ ಸೊನ್ನೆ. ನಿನ್ನ ಆಲ್ಬಮ್ ಮಾಡಬೇಕೋ ಬೇಡವೋ ಅಂತ ಕಂಪನಿ ನೋಡ್ತಿರೋದೇ ಆ ಎಣಿಕೇನ." ಆಮೇಲೆ ನನ್ನ ಕಡೆ ತಿರುಗಿ, ಸಾವಿನ ಮನೆಯಲ್ಲಿ ಕಾಫಿ ಕೊಡುವವಳ ದನಿಯಲ್ಲಿ, "ನಿಮಗೆ ಕಷ್ಟ ಆಗ್ತಿದೆ, ಗೊತ್ತು. ಸದ್ಯ ನೀವಿಬ್ಬರೂ ಜೊತೆಗೆ ಫೋಟೊಗೆ ಸಿಗ್ಬೇಡಿ. ಅವನೇ ಇವಳಿಗೆ ಬೆಳಗ್ಗೆ ಕಾಫಿ ಮಾಡಿಕೊಡ್ತಾನೆ ಅಂತ ಗೊತ್ತಾದ್ರೆ ಆ ಕಣ್ಣೀರು ಏನಾಗಬೇಕು?"

ವಾಪಸ್ ಬರುವಾಗ ರೈಲಿನಲ್ಲಿ ಪ್ರಿಸಿಲ್ಲಾಳ ದನಿ ತೆಗೆದು, "ಲವ್ ಇಟ್! ನಿಮ್ಮ ಕತ್ತು ಕುಯ್ಯಬಹುದಾ?" ಎಂದೆ. ಹಾಲಿ ನಗಲಿಲ್ಲ. ನನ್ನ ಕೋಟಿನ ಗುಂಡಿ ತಿರುವುತ್ತ ಹೇಳಿದಳು:

"ವಿಡಿಯೊ ಬದಲಾಯಿಸೋಕೆ ಆಗಲ್ಲ. ಮಾತಾಡೋಕೆ ಆಗುತ್ತಲ್ಲ? ಗುರುವಾರ ಅವರ ಸ್ಟುಡಿಯೊದಲ್ಲಿ ಲೈವ್ ಇದೆ. ಹಾಡೋಕೆ ಮುಂಚೆ ಕೇಳೇ ಕೇಳ್ತಾರೆ, ಇದು ನಿಜದ ಕಥೇನಾ ಅಂತ. ಹೇಳ್ತೀನಿ: ಅವನು ನನ್ನವನು, ಮೋಸ ಮಾಡೋಕೆ ಆ ಸೋಂಬೇರಿಗೆ ಪುರುಸೊತ್ತೇ ಇಲ್ಲ. ಸರಿನಾ?"

"ಸೋಂಬೇರಿ ಬಿಟ್ಟು ಹೇಳು."

"ಅದನ್ನೇ ಮೊದಲು ಹೇಳೋದು," ಎಂದು ನನ್ನ ಭುಜಕ್ಕೆ ತಲೆಯಿಟ್ಟಳು. ಇಡೀ ಬೋಗಿ ನೋಡುತ್ತಿತ್ತು. ಅವಳು ತಲೆ ತೆಗೆಯಲಿಲ್ಲ. ಆ ಸಂಜೆಯನ್ನು ಯಾರಾದರೂ ವಿಡಿಯೊ ಮಾಡಿದ್ದರೆ ಎಂದು ಈಗಲೂ ಅನಿಸುತ್ತದೆ.

ಗುರುವಾರ ಮಧ್ಯಾಹ್ನ ವಿಟ್ರಿನ್ನಿನ ಸ್ಟುಡಿಯೊದಲ್ಲಿ ಎತ್ತರದ ಕಿಟಕಿಗಳಿಂದ ಬಿಸಿಲು ಬಿದ್ದಿತ್ತು. ನನ್ನನ್ನು ಕ್ಯಾಮರಾಗಳ ಹಿಂದೆ, ವಯರುಗಳ ರಾಶಿಯ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ್ದರು. ಹಾಲಿ ಹಸಿರು ಸ್ವೆಟರಿನಲ್ಲಿ, ಗಿಟಾರ್ ತೊಡೆಯ ಮೇಲಿಟ್ಟುಕೊಂಡು, ನನ್ನನ್ನು ಹುಡುಕಿ ಕಣ್ಣು ಮಿಟುಕಿಸಿದಳು. ನಾನು ಶಬ್ದವಿಲ್ಲದೆ ರೇಡಿಯೇಟರಿನಂತೆ ಕೆಮ್ಮಿದೆ. ತುಟಿ ಕಚ್ಚಿ ನಗು ನುಂಗಿದಳು.

ಕೆಂಪು ದೀಪ ಹತ್ತಿತು. ನಿರೂಪಕ ಮುಂದಕ್ಕೆ ಬಾಗಿದ.

"ಹಾಲಿನಾ, ಎಲ್ಲರೂ ಕೇಳೋ ಪ್ರಶ್ನೇನೇ ಕೇಳ್ತೀನಿ. ಆ ಮೂರನೇ ಬ್ರಷ್ ನಿಜಾನಾ? ಆ ಗಂಡಸು ನಿಜಾನಾ?"

ಅವಳು ಬಾಯಿ ತೆರೆದಳು. ನನ್ನನ್ನು ನೋಡಿದಳು. ಕಲಿತದ್ದು ಮರೆತ ಮಗುವಿನಂತಿರಲಿಲ್ಲ ಆ ನೋಟ. ಚೆನ್ನಾಗಿ ನೆನಪಿದ್ದವಳ ನೋಟ. ಆಮೇಲೆ ಕೆಂಪು ದೀಪವನ್ನು ನೋಡಿದಳು.

"ಕೆಲವು ಗಾಯಗಳ ಹೆಸರು ಹೇಳಬಾರದು," ಎಂದಳು.

ಕೆಳತುಟಿಯ ಎಡ ತುದಿ ಸ್ವಲ್ಪ ಒಳಗೆ ಸರಿಯಿತು. ಗಲ್ಲ ನಡುಗಿತು. ಒಂದೇ ಒಂದು ಹನಿ, ಮೂಗಿನ ಪಕ್ಕದ ಅದೇ ದಾರಿಯಲ್ಲಿ.

ಸ್ಟುಡಿಯೊದಲ್ಲಿ ಯಾರೋ "ಅಯ್ಯೋ" ಎಂದರು. ನಾನು ಜೀವಮಾನವೆಲ್ಲ ಮಿಮಿಕ್ರಿ ಮಾಡಿದವನು; ನನ್ನ ಕಣ್ಣಿಗೆ ಅದು ತಪ್ಪುವುದುಂಟೆ? ಹಾಲಿ ಹಾಲಿಯನ್ನೇ ಮಿಮಿಕ್ರಿ ಮಾಡುತ್ತಿದ್ದಳು. ಬಹಳ ಚೆನ್ನಾಗಿ ಮಾಡಿದಳು.

ಮೇಕಪ್ ಕೋಣೆಯಲ್ಲಿ ಬಾಗಿಲು ಹಾಕಿ ಅವಳು ನಿಜವಾಗಿ ಅತ್ತಳು. ಮೂಗು ಸೋರಿತು, ಮುಖ ಕೆಂಪಾಗಿ ಊದಿಕೊಂಡಿತು. ಆ ಅಳುವನ್ನು ಯಾವ ಕಂಪನಿಯೂ ಕೊಳ್ಳುತ್ತಿರಲಿಲ್ಲ, ನಾನೊಬ್ಬ ಕೊಳ್ಳುತ್ತಿದ್ದೆ.

"ಬಾಯಿಗೆ ಬಂದಿತ್ತು ಕಣೋ. ಆಣೆಗೂ ಬಂದಿತ್ತು."

"ನೋಡಿದೆ. ಬಂದು ವಾಪಸ್ ಹೋಯ್ತು."

"ಎಲ್ಲಾ ಸೊನ್ನೆ ಆಗಿಬಿಡುತ್ತೆ ಅನ್ನಿಸ್ತು. ಹದಿನಾರನೇ ವಯಸ್ಸಿಂದ ಬಾರುಗಳಲ್ಲಿ, ಬಿಲಿಯರ್ಡ್ಸ್ ಆಡೋರ ಬೆನ್ನಿಗೆ ಹಾಡಿದೀನಿ ಕಾರ್ಮೈನ್. ಈಗ ಎಲ್ಲರೂ ತಿರುಗಿ ಕೇಳ್ತಿದಾರೆ. ಮತ್ತೆ ಬೆನ್ನಿಗೆ ಹಾಡೋಕೆ ನನ್ನ ಕೈಲಿ ಆಗಲ್ಲ."

"ಗೊತ್ತು ಕಣೆ."

ಗೊತ್ತಿತ್ತು. ಅದೇ ಕಷ್ಟ. ಅವಳ ಮೇಲೆ ಪೂರ್ತಿ ಸಿಟ್ಟಾಗಲು ಒಂದಿಷ್ಟು ಗೊತ್ತಿಲ್ಲದಿರಬೇಕಿತ್ತು.

ಅವಳು ನನ್ನ ಕಾಲರ್ ಹಿಡಿದು ಹತ್ತಿರ ಎಳೆದುಕೊಂಡಳು. "ಒಂದೇ ವರ್ಷ. ಆಲ್ಬಮ್ ಬರೋ ತನಕ. ಅವರು ನನಗೆ ಬೇರೆ ಫ್ಲಾಟ್ ಕೊಡಿಸ್ತಾರಂತೆ, ಹಿಂದೆ ಒಂದು ಬಾಗಿಲಿದೆ. ನೀನು ಟೋಪಿ ಹಾಕ್ಕೊಂಡು ಬಾ. ಯಾರಿಗೂ ಗೊತ್ತಾಗಲ್ಲ. ಈಗಲೂ ಅಷ್ಟೇ, ಮುಂದುಗಡೆ ಅಭಿಮಾನಿಗಳಿದಾರೆ, ಸಾಮಾನಿನ ಲಿಫ್ಟಲ್ಲಿ ಇಳಿದು ಹೋಗು."

"ಕದ್ದು ಬರೋ ಗಂಡಸು."

"ಹಾಗನ್ಬೇಡ."

"ನಿನ್ನ ಹಾಡಲ್ಲಿ ಕದ್ದು ಬರೋಳು ಬ್ರಷ್ಷಾದ್ರೂ ಇಟ್ಟು ಹೋಗಿದ್ಲು ಹಾಲಿ. ನನಗೆ ಅದೂ ಇಲ್ಲ."

ಅವಳ ಕೈ ಕಾಲರಿನಿಂದ ಸಡಿಲವಾಯಿತು, ಆದರೆ ಅಲ್ಲೇ ಇತ್ತು. ನಾನು ಅದನ್ನು ತೆಗೆದು, ಬೆರಳು ಬೆರಳಿಗೂ ಮುತ್ತಿಟ್ಟು, ಅವಳ ಮಡಿಲಲ್ಲಿ ವಾಪಸ್ ಇಟ್ಟೆ. ತಂತಿ ಒತ್ತಿ ಒತ್ತಿ ಗಟ್ಟಿಯಾಗಿದ್ದ ಬೆರಳ ತುದಿಗಳು. ಆ ಗಟ್ಟಿತನವನ್ನೂ ನಾನು ಪ್ರೀತಿಸಿದ್ದೆ.

"ಬರಲ್ವಾ?" ಎಂದಳು.

"ಮುಂದಿನ ಬಾಗಿಲಿಂದ ಕರೆದ್ರೆ ಬರ್ತೀನಿ."

ಅವಳು ಕರೆಯಲಿಲ್ಲ. ನಾನು ಕಾದೆ; ಕಾಯುತ್ತಿದ್ದೇನೆ ಎಂದು ಅವಳಿಗೂ ಕಾಣುತ್ತಿತ್ತು.

ಮುಂಬಾಗಿಲ ಕಡೆಯ ಲಿಫ್ಟಿನಲ್ಲೇ ಇಳಿದೆ. ಬಾಗಿಲ ಹೊರಗೆ ಅಡ್ಡಗಟ್ಟಿದ್ದ ಕಂಬಿಗಳಾಚೆ ಹುಡುಗಿಯರ ಹಿಂಡು, ಎಲ್ಲರಿಗೂ ಹಾಲಿಯ ಹಾಗೆ ಹಣೆಯ ಮೇಲೆ ಕತ್ತರಿಸಿದ ಕೂದಲು. ಮೊದಲು ಒಂದು ಕಿರುಚಾಟ, ಆಮೇಲೆ ಹಲವು, ಆಮೇಲೆ ಬೈಗುಳ. ಮುಂದಿನ ಸಾಲಿನಲ್ಲಿ ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದವಳೊಬ್ಬಳು ಫೋನನ್ನು ನನ್ನ ಮೂಗಿನವರೆಗೂ ತಂದಳು. ಅವಳ ಕಣ್ಣಲ್ಲಿ ನೀರಿತ್ತು. ಒಳಗಿನ ಲೈವ್ ನೋಡಿ ಬಂದ ನೀರು.

"ಯಾಕೆ ಹಾಗೆ ಮಾಡಿದೆ ಅವಳಿಗೆ? ಯಾಕೆ?"

ಫೋನಿನ ಪುಟ್ಟ ಕಣ್ಣು ನನ್ನನ್ನು ನೋಡುತ್ತಿತ್ತು. ನನ್ನ ನಾಲಿಗೆಯ ಮೇಲೆ ಒಂದೇ ವಾಕ್ಯ: ನಾನು ಏನೂ ಮಾಡಿಲ್ಲ, ಅವಳನ್ನೇ ಕೇಳಿ. ಅಷ್ಟು ಹೇಳಿದ್ದರೆ ಬೇಕರಿ, ಸ್ಕೂಲು, ಅಮ್ಮ, ಎಲ್ಲ ಸಂಜೆಯೊಳಗೆ ವಾಪಸ್ ಬರುತ್ತಿತ್ತು. ಮೇಲೆ ಊದಿದ ಮುಖಕ್ಕೆ ಪೌಡರ್ ಹಚ್ಚಿಸಿಕೊಳ್ಳುತ್ತಿದ್ದವಳು ಸಂಜೆಯೊಳಗೆ ಸುಳ್ಳುಗಾತಿ ಆಗುತ್ತಿದ್ದಳು. ಆಮೇಲೆ ಮತ್ತೆ ಬಾರು, ಮತ್ತೆ ಬೆನ್ನುಗಳು.

"ತಪ್ಪಾಯ್ತು," ಎಂದೆ. "ನನ್ನದೇ ತಪ್ಪು. ಅಂಥವಳಿಗೆ ಹಾಗೆ ಮಾಡಬಾರದಿತ್ತು."

ಯಾರ ಮಿಮಿಕ್ರಿಯೂ ಅಲ್ಲದ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಗಲಾಟೆ ಒಮ್ಮೆಲೇ ನಿಂತಿತು. ಇಷ್ಟು ಸುಲಭವಾಗಿ ಒಪ್ಪಿಕೊಳ್ಳುತ್ತೇನೆಂದು ಅವರು ಎಣಿಸಿರಲಿಲ್ಲ.

ತಂತಿ ಹಲ್ಲಿನವಳು ಫೋನ್ ಇಳಿಸಲಿಲ್ಲ. "ಒಂದು ದಿನಾನಾದ್ರೂ ಅವಳನ್ನ ಪ್ರೀತಿಸಿದ್ಯಾ?"

"ಈಗಲೂ ಪ್ರೀತಿಸ್ತೀನಿ," ಎಂದೆ.

"ಸುಳ್ಳ!" ಎಂದು ಕಿರುಚಿದಳು ಅವಳು. ಹಿಂದಿದ್ದವರೆಲ್ಲ ದನಿಗೂಡಿಸಿದರು.