ಹಗೇವಿಗೆ ಇಳಿಸಿದ ದೀಪ

"ಬರ್ಕೋರಿ. ನನ್ನ ಗಂಡನ್ನ ಕೊಂದಾರ. ಕೊಂದಾಂವ ನಿಮ್ಮ ಕಟ್ಟಿ ಮ್ಯಾಲೇ ಕೂತಾನ."

ರಂಜನಾ ಹೀಗೆ ಹೇಳಿ ಮೇಜಿನ ಮುಂದೆ ನಿಂತಾಗ ಎರೆಕೊಪ್ಪ ಪೊಲೀಸ್ ಠಾಣೆಯ ಗಡಿಯಾರ ಮಧ್ಯಾಹ್ನದ ಮೂರೂಕಾಲು ತೋರಿಸುತ್ತಿತ್ತು. ಮೇ ಆರು, ಮಂಗಳವಾರ. ಪಿಎಸ್‌ಐ ಶಾಂಭವಿ ಕುರ್ಚಿ ತೋರಿಸಿದಳು. ರಂಜನಾ ಕೂರಲಿಲ್ಲ.

ಆಕೆಯ ಗಂಡ ಮಯೂರ ಎರೆಕೊಪ್ಪ ಪಟ್ಟಣ ಪಂಚಾಯ್ತಿಯ ನೀರು ಸರಬರಾಜಿನ ಇಂಜಿನಿಯರ್. ಅಂದು ಬೆಳಿಗ್ಗೆ ಕೆಳಗೇರಿ ಓಣಿಯ ಗುರವ್ವನ ಹಿತ್ತಲಿನ ಹಗೇವಿನಲ್ಲಿ ಸತ್ತು ಬಿದ್ದಿದ್ದ. ಹಗೇವೆಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಒಂದು ಕೋಣೆಯಷ್ಟು. ನವಲಗುಂದದಿಂದ ಅಗ್ನಿಶಾಮಕದವರು ಬಂದು, ಮುಖಕ್ಕೆ ಮಾಸ್ಕ್ ಕಟ್ಟಿ, ಹಗ್ಗ ಹಾಕಿ ಹೆಣ ಎತ್ತಿದ್ದರು. ಗಾಳಿ ಕೆಟ್ಟ ಹಗೇವಿಗೆ ಇಳಿದು ಸಾಯುವುದು ಈ ಸೀಮೆಗೆ ಹೊಸದಲ್ಲ. ಶಾಂಭವಿ ಅಸ್ವಾಭಾವಿಕ ಮರಣವೆಂದು ಬರೆಸಿ, ಹೆಣವನ್ನು ಹುಬ್ಬಳ್ಳಿಗೆ ಕಳಿಸಿ ಆಗಿತ್ತು.

"ಯಾರ ಮ್ಯಾಲೆ ಸಂಶಯ?"

"ನೀರಗಂಟಿ ಗುಡದಪ್ಪ. ಕುಡದು ವಾಲ್ ತಿರುವಲಿಲ್ಲಂತ ಹೋದ ವಾರ ಇವರು ನೋಟಿಸ್ ಕೊಟ್ಟಿದ್ರು. ಆಫೀಸಿನ್ಯಾಗ ಎಲ್ಲಾರ ಮುಂದ ಅಂದಾನ, ನಿಮ್ಮ ಪೈಪಿನ ಗುಂಡ್ಯಾಗ ನಿಮ್ಮನ್ನ ಹುಗೀತೀನಿ ಅಂತ."

"ಊರಾಗ ಎಲ್ಲಾರೂ ಹಗೇವಿನ ಗಾಳಿಗೆ ಹೋದ್ರು ಅಂತಾರ."

"ಊರಿಗೇನದ! ದೀಪ ಇಳಿಸದ ಹಗೇವಿಗೆ ಇಳೀಬಾರದಂತ ರೂಲು ಬರದಾಂವನ ನನ್ನ ಗಂಡ. ಪಂಚಾಯ್ತಿ ಗ್ವಾಡಿಗೆ ಹಚ್ಯಾರ, ಹೋಗಿ ಓದ್ರಿ. ದೀಪ ಉರಿಯೂದು ಕಣ್ಣಿಲೆ ನೋಡದನ ಅವರು ಕಾಲಿಡಂಗಿಲ್ಲ."

ಎಫ್‌ಐಆರ್ ಆಯಿತು. ಹೆಡ್ ಕಾನ್‌ಸ್ಟೇಬಲ್ ಖಾದರಬಿ ಹೇಳಿಕೆಗೆಂದು ಕರೆಸಿ ಹೊರಗಿನ ಕಟ್ಟೆಯ ಮೇಲೆ ಕೂರಿಸಿದ್ದ ಗುಡದಪ್ಪನನ್ನು ಎಬ್ಬಿಸಿಕೊಂಡು ಬಂದಳು. ಐವತ್ತರ ಗಂಡಸು, ಮೊಣಕಾಲಿನವರೆಗೆ ಎರೆಮಣ್ಣು ಒಣಗಿ ಸಿಪ್ಪೆ ಏಳುತ್ತಿತ್ತು.

"ಸಾಹೇಬ್ರಿಗೆ ಹುಗೀತೀನಿ ಅಂದಿದ್ದೇನು?"

"ಅಂದಿದ್ದೆರಿ. ಸಿಟ್ಟಿನ್ಯಾಗ."

"ದೀಪ ಇಳಿಸಿದ್ರೇನು?"

"ಹಗೇವು ತಪಾಸಕ್ಕ ಬರ್ತೀವಂತ ಹೋದ ವಾರನ ಹೇಳಿದ್ವಿರಿ. ಗುರವ್ವ ಮುಂಜಾನಿನ ಇಳಿಸಿಟ್ಟಿದ್ಲ್ರಿ, ಕಂದೀಲ. ನಾನೂ ಬಗ್ಗಿ ನೋಡೇನಿ. ಅಗದಿ ಛಲೋ ಉರೀತಿತ್ತು. ಸಾಹೇಬ್ರು ವಾಚ್ ನೋಡಿ ಪಾವತಾಸು, ಹದಿನೈದು ಮಿನಿಟು ನಿಂತ್ರು."

"ಆಮ್ಯಾಲೆ?"

"ಟಾಕಿಗೆ ಹೋಗಿ ನೀರು ಬಿಟ್ಟು ಬಾ, ಪೈಪು ಎಲ್ಲಿ ಸೋರ್ತತಿ ತೆಳಗ ನಿಂತು ನೋಡ್ತೀನಿ ಅಂದ್ರು. ನಾ ಹೋಗಿ ಬರೂದ್ರಾಗ ಗುರವ್ವ ಓಣ್ಯಾಗ ಒದರಾಕ ಹತ್ತಿದ್ಲು. ಸಾಹೇಬ್ರು ತೆಳಗ ಬಿದ್ದಿದ್ರು. ದೀಪ ಆರಿತ್ತು."

"ದೀಪ ಉರಿಯೂ ಹಗೇವಿನ್ಯಾಗ ಮನಷ್ಯಾ ಸಾಯಂಗಿಲ್ಲೋ ಗುಡದಪ್ಪ," ಎಂದಳು ಖಾದರಬಿ. "ಸುಳ್ಳ ಹೇಳೂದಾದ್ರ ನೆಟ್ಟಗರ ಹೇಳು."

ಗುಡದಪ್ಪ ಶಾಂಭವಿಯನ್ನು ನೋಡಿದ. "ಉರೀತಿತ್ರಿ," ಎಂದ. ಅದೊಂದೇ ಮಾತನ್ನು ಅವನು ರಾತ್ರಿಯವರೆಗೆ ಹೇಳುತ್ತಲೇ ಇದ್ದ.

ಬುಧವಾರ ಬೆಳಿಗ್ಗೆ ಏಳಕ್ಕೆ ಸ್ಥಳ ಪಂಚನಾಮೆ. ಕೆಳಗೇರಿ ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಯಾರೂ ದಾರಿ ಬಿಡಲಿಲ್ಲ. ಜೀಪು ಹಾರ್ನ್ ಹೊಡೆದೇ ಹೋಗಬೇಕಾಯಿತು.

"ಹತ್ತು ತಿಂಗಳಾತು ನಳಾ ಬಂದ್ ಮಾಡಿ," ಎಂದಳು ಬಾಷಾಬಿ, ಗುರವ್ವನ ಪಕ್ಕದ ಮನೆಯವಳು. "ಹಗೇವು ಮುಚ್ರಿ, ಗರಸು ತುಂಬ್ರಿ, ಆಮ್ಯಾಲೆ ನೀರು. ರೂಲಂತ ರೂಲು! ಅವಾಗ ಒಬ್ರೂ ಬರಲಿಲ್ಲ. ಇಂಜಿನಿಯರ್ ಸತ್ತ ಕೂಡ್ಲೆ ಜೀಪು ಬಂತು ನೋಡ್ರಿ."

"ಬಾಜೂಕ ಸರೀರಿ," ಎಂದಳು ಖಾದರಬಿ.

"ಸರೀತೀವಿ. ಟ್ಯಾಂಕರ್ ಬರೂ ಹೊತ್ತಾತು, ಅದರ ಮುಂದನೂ ಜಗಳಾನ. ಈ ಗುರವ್ವನ್ನ ನೋಡ್ರಿ, ಇರಾಕಿ ಒಬ್ಬಾಕಿ, ವಾರದಿಂದ ನಾಕು ನಾಕು ಕೊಡಾ ಒಯ್ಯಾಕ ಹತ್ಯಾಳ. ಮಕ್ಕಳೊಂದಿಗರಿಗೆ ನೀರಿಲ್ಲ."

ಗುರವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ನಲವತ್ತರ ಆಸುಪಾಸು, ಬರಿಗೈ, ಬರಿಹಣೆ.

ಬೇಸಿಗೆಗೆ ಹಿತ್ತಲ ನೆಲ ಬಿರಿದು ಅಂಗೈ ಒಳಗೆ ಹೋಗುವಷ್ಟು ಬಾಯಿ ತೆರೆದಿತ್ತು. ಒಂದು ಬಿರುಕಿನಲ್ಲಿ ನೀರಿನ ಪೈಪು ಕಾಣುತ್ತಿತ್ತು. ಸುತ್ತ ಗಟ್ಟಿ ಸಿಮೆಂಟು, ಮಧ್ಯೆ ಕಬ್ಬು ಮುರಿದಂತೆ ಮುರಿದಿತ್ತು. ರಾತ್ರಿಯಿಡೀ ಕಾವಲಿನಲ್ಲಿಟ್ಟಿದ್ದ ಹಗೇವಿನ ಬಾಯಿಂದ ಚಪ್ಪಡಿ ಸರಿಸಿದರು. ಹುಳಿವಾಸನೆ ಮೂಗಿಗೆ ಬಡಿಯಿತು. ಪಂಚರ ಮುಂದೆ ಶಾಂಭವಿ ಬೇರೆ ಕಂದೀಲೊಂದನ್ನು ಹಚ್ಚಿಸಿ, ಹಗ್ಗ ಕಟ್ಟಿ ಇಳಿಬಿಟ್ಟಳು. ಅರ್ಧ ಆಳಕ್ಕೆ ಹೋಗುವ ಮೊದಲೇ ಅದು ಆರಿತು. ಮತ್ತೆ ಹಚ್ಚಿ ಇಳಿಸಿದರೆ ಮತ್ತೆ ಆರಿತು.

"ಗುಡದಪ್ಪನ ಕತಿ ಮುಗೀತು," ಎಂದಳು ಖಾದರಬಿ ಮೆಲ್ಲಗೆ.

ಹೆಣದ ಜೊತೆ ಮೇಲೆ ಬಂದಿದ್ದ ಗುರವ್ವನ ಕಂದೀಲನ್ನು ಪರೀಕ್ಷಿಸಿ ಜಪ್ತಿ ಮಾಡಿದರು. ಬುಡದಲ್ಲಿ ಚಿಮಣಿ ಎಣ್ಣೆ ತುಂಬಿತ್ತು. ಗಾಜಿನ ಬುರುಡೆ ಬೂದಿ ಹಚ್ಚಿ ಉಜ್ಜಿದ ಹಾಗೆ ಫಳಫಳ.

"ಇದನ್ನ ಎಷ್ಟೊತ್ತಿಗೆ ಹಚ್ಚಿ ಇಳಿಸಿದ್ರಿ?" ಶಾಂಭವಿ ಕೇಳಿದಳು.

"ಮುಂಜಾನೆ. ತಾಸ್ ಎಣಿಸಿಲ್ಲ."

"ಗುಡದಪ್ಪ ಉರೀತಿತ್ತು ಅಂತಾನ."

"ಉರೀತಿತ್ತು. ಆಮ್ಯಾಲೆ ಆರಿತು."

"ಸಾಹೇಬ್ರು ಇಳಿಯೂ ಮುಂದ ಗುಡದಪ್ಪ ಇದ್ನೇನು?"

"ನನಗೊತ್ತಿಲ್ಲ. ನಾ ಒಳಗಿದ್ದೆ."

ಶಾಂಭವಿ ಮನೆಯೊಳಗೂ ಕಣ್ಣಾಡಿಸಿದಳು. ಕಿಟಕಿಯಿಲ್ಲದ ನಡುಮನೆ. ಗೋಡೆಯಲ್ಲಿ ಹಾರ ಹಾಕಿದ ಗಂಡಸಿನ ಫೋಟೊ, ಅದರ ಮುಂದೆ ಮೊಳೆಗೆ ನೇತುಹಾಕಿದ ಪುಟ್ಟ ಕಂದೀಲಿನಲ್ಲಿ ಕೆಂಪು ಕುಡಿ ಅಲುಗಾಡುತ್ತಿತ್ತು. ಆಕೆ ನೋಡಿದಳು, ಹೊರಗೆ ಬಂದಳು.

ಬರುವ ದಾರಿಯಲ್ಲಿ ಪಂಚಾಯ್ತಿ ಕಚೇರಿಯ ಮುಂದೆ ಜೀಪು ನಿಲ್ಲಿಸಿ ಗೋಡೆಯ ಹಲಗೆ ಓದಿದಳು. ಎರೆ ನೆಲ ಬೇಸಿಗೆಗೆ ಕುಗ್ಗಿ ಮಳೆಗೆ ಉಬ್ಬುವುದರಿಂದಲೂ, ಭೂಮಿ ನಡುಗುವ ಸಂಭವ ಇರುವುದರಿಂದಲೂ, ಪೈಪನ್ನು ಸಿಮೆಂಟಿನಲ್ಲಿ ಹುಗಿಯತಕ್ಕದ್ದಲ್ಲ. ಸುತ್ತ ಮರಳು ಹಾಕಿ, ಬಾಗುವ ರಬ್ಬರ್ ಕೂಡು ಇಡತಕ್ಕದ್ದು. ಗೋಡೆ ದಾಟುವಲ್ಲಿ ಪೈಪಿನ ಸುತ್ತ ಒಂದು ಮುಷ್ಟಿ ತೆರವು ಬಿಡತಕ್ಕದ್ದು. ಹಗೇವಿನ ಹತ್ತಿರ ಪೈಪು ಒಯ್ಯತಕ್ಕದ್ದಲ್ಲ. ಹಗೇವು ತಪಾಸಣೆಗೆ ಇಳಿಯುವವರು ದೀಪ ಇಳಿಸಿ, ಅದು ಕಾಲು ತಾಸು ಉರಿದ ಮೇಲೆ ಇಳಿಯತಕ್ಕದ್ದು. ಕೆಳಗೆ ಮಯೂರನ ಸಹಿ.

"ಛಲೋ ರೂಲನ ಐತಲ್ಲ," ಎಂದಳು ಶಾಂಭವಿ. ಠಾಣೆಗೆ ಆಕೆ ಬಂದು ಮೂರೇ ತಿಂಗಳಾಗಿತ್ತು. "ಮತ್ತ ಓಣಿ ಮಂದಿಗೆ ಇಷ್ಟ್ಯಾಕ ಸಿಟ್ಟು?"

"ರೂಲು ಯಾರು ಸತ್ತ ಮ್ಯಾಲೆ ಬಂತು ಕೇಳ್ರಿ, ಮೇಡಂ," ಎಂದಳು ಖಾದರಬಿ. " ಮದಲ ದೊಡ್ಡ ಶಹರದ ರೂಲು ಹಿಡಕೊಂಡು ಎಲ್ಲಾ ಸಿಮೆಂಟಿನ್ಯಾಗ ಹುಗದಿದ್ರು. ಹೋದ ವರ್ಷ ಆಷಾಢದಾಗ ಮಳಿ ಬಿದ್ದು ನೆಲ ಉಬ್ಬಿತ್ತು. ಮ್ಯಾಲೆ ಒಂದಿನ ಭೂಮಿ ಒಂದಿಷ್ಟ ನಡಗಿತು, ಬೋಗಾಣಿ ಸಪ್ಪಳ ಆದ್ವು, ಅಷ್ಟ. ಪೈಪು ಕಟ್ ಆತು. ನೀರು ಹೋಗಿ ಗುರವ್ವನ ಹಗೇವಿಗೆ ಕೂತು ಜೋಳ ಕೊಳೀತು. ಆಕಿ ಗಂಡ ಈರಬಸಪ್ಪ ಜೋಳಾ ತಗಿಯಾಕ ಇಳದಾಂವ ಅಲ್ಲೇ ಹೋದ."

"ಕೇಸ್ ಆಗಿತ್ತೇನು?"

"ಇಂಜಿನಿಯರ್ ವರದಿ ಕೊಟ್ರಲ್ಲ. ದೀಪ ಇಳಿಸದನ ಇಳದಾನ, ಸ್ವಂತ ನಿಷ್ಕಾಳಜಿ ಅಂತ. ಮುಗೀತು."

ಹನ್ನೆರಡಕ್ಕೆ ಡಿವೈಎಸ್‌ಪಿ ಕಚೇರಿಯಿಂದ ಫೋನ್ ಬಂತು. ಮರಣೋತ್ತರ ಪರೀಕ್ಷೆಯ ಪ್ರಾಥಮಿಕ ವರದಿ: ಉಸಿರುಗಟ್ಟಿ ಸಾವು, ಮೈಮೇಲೆ ಏಟಿಲ್ಲ. ಪಂಚಾಯ್ತಿ ನೌಕರರು ಕೆಲಸ ನಿಲ್ಲಿಸಿದ್ದರು. ದೀಪ ಆರಿದ ಹಗೇವಿಗೆ ಇಂಜಿನಿಯರನನ್ನು ನೂಕಿದವನು ಗುಡದಪ್ಪನೇ ಎಂದರು ಡಿವೈಎಸ್‌ಪಿ. ಸಂಜೆಯೊಳಗೆ ದಸ್ತಗಿರಿ ತೋರಿಸಬೇಕು. ಹೊರಗೆ ಗುಡದಪ್ಪನ ಅಣ್ಣತಮ್ಮಂದಿರು ಕೂಗಾಡುತ್ತಿದ್ದರು. ಕಿಟಕಿಗೆ ಕಲ್ಲೊಂದು ಬಂದು ಬಿತ್ತು.

ಶಾಂಭವಿ ಗುಡದಪ್ಪನ ಎದುರಿಗೆ ಕುಳಿತಳು.

"ಉರೀತಿತ್ತು, ಉರೀತಿತ್ತು ಅಂತೀಯಲ್ಲ. ಹೆಂಗ ಉರೀತಿತ್ತು?"

"ಹೆಂಗಂದ್ರ ಏನ್ರಿ? ದೀಪ ಉರದಂಗ."

"ಕಣ್ಣ ಮುಚ್ಚಿ ನೆನಸು. ಕುಡಿ ಸಣ್ಣದಿತ್ತೋ ದೊಡ್ಡದಿತ್ತೋ?"

"ಸಣ್ಣದ್ರಿ. ಕೆಂಪಗಿತ್ತು. ಕುಣ್ಯಾಕ ಹತ್ತಿತ್ತು."

"ಕುಣ್ಯಾಕ?"

"ಹೂಂನ್ರಿ, ಗಾಳಿಗೆ ಕುಣಿದಂಗ."

ಶಾಂಭವಿ ಎದ್ದಳು. ಮೂಲೆಯಲ್ಲಿದ್ದ ಕಂದೀಲು ಹಚ್ಚಿ, ಬುರುಡೆ ಇಳಿಸಿ, ಬಾಗಿಲು ಹಾಕಿ ನಿಂತಳು. ಕುಡಿ ಗೋಡೆಗೆ ಬರೆದ ಚಿತ್ರದ ಹಾಗೆ ನೆಟ್ಟಗೆ ನಿಂತಿತು. ಖಾದರಬಿ ಒಮ್ಮೆ ದೀಪ, ಒಮ್ಮೆ ಶಾಂಭವಿಯ ಮುಖ ನೋಡಿದಳು.

"ಖಾದರಬಿ, ನೆಲದೊಳಗ ಗಾಳಿ ಎಲ್ಲಿಂದ ಬಂತು? ಅದೂ ಬುರುಡಿ ಒಳಗ?"

ಕಿಟಕಿಯಿಲ್ಲದ ಆ ನಡುಮನೆಯಲ್ಲೂ ಗಾಳಿಯಿರಲಿಲ್ಲ. ಫೋಟೊದ ಮುಂದಿನ ಕುಡಿ ಮಾತ್ರ ಅಲುಗುತ್ತಿತ್ತು.

ನಾಲ್ಕೂವರೆಗೆ ಪಂಚರನ್ನು ಕರೆದುಕೊಂಡು ಹೋದಾಗ ಗುರವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ತಲೆ ಎತ್ತಲಿಲ್ಲ.

"ಫೋಟೊದ ಮುಂದಿನ ದೀಪ ಎಲ್ಲಿಂದ ತಂದ್ರಿ?"

"ಹುಬ್ಬಳ್ಳಿಯಿಂದ. ಬ್ಯಾಟರಿದು."

"ಎಣ್ಣಿ ದೀಪ ಯಾಕ ಹಚ್ಚಲಿಲ್ಲ?"

"ಎಣ್ಣಿ ದೀಪ ಆರ್ತಾವು. ಇದು ಆರಂಗಿಲ್ಲ."

ಶಾಂಭವಿ ಕೈಗವಸು ಹಾಕಿ ದೀಪ ಇಳಿಸಿದಳು. ಹಿಡಿಯ ಬಳೆಯಲ್ಲಿ ತೆಂಗಿನ ನಾರಿನ ಎಳೆ ಸಿಕ್ಕಿಕೊಂಡಿತ್ತು. ಹಗೇವಿನ ಹಗ್ಗವೂ ತೆಂಗಿನ ನಾರಿನದೇ. ಮಗುಚಿದರೆ, ಬುಡಕ್ಕೆ ಕೊಳೆತ ಜೋಳದ ಕಪ್ಪು ಹಿಟ್ಟು ಅಂಟಿ ಒಣಗಿತ್ತು. ಅದೇ ಹುಳಿವಾಸನೆ.

"ಕಂದೀಲಿನ ಬುರುಡಿ ಬೂದಿ ಹಚ್ಚಿ ಉಜ್ಜೀರಿ. ಇದನ್ನ ಯಾಕ ತೊಳೀಲಿಲ್ಲ?"

ಗುರವ್ವ ಆಗ ಮೊದಲ ಸಲ ಆಕೆಯ ಮುಖ ನೋಡಿದಳು.

"ಈ ಓಣ್ಯಾಗ ನೀರ ಎಲ್ಲಿ ಐತ್ರಿ, ಬಾಯಾರ?"

"ವಾರದಿಂದ ಒಯ್ದ ನೀರು?"

"ಹಗೇವಿಗೆ ಹೋತು. ಹಳೀ ಜೋಳ ಒಣಗಿತ್ತು, ಮತ್ತ ಹುಳಿ ಬರಬೇಕಲ್ಲ." ಮೊರ ಕೆಳಗಿಟ್ಟಳು. "ಆ ಕುಡುಕನ್ನ ಬಿಡ್ರಿ. ಅವನ ಕೈಲೆ ವಾಲ್ ತಿರಗಂಗಿಲ್ಲ, ಮನಷ್ಯಾನ್ನ ಏನ್ ಕೊಲ್ತಾನ."

ಸೂರ್ಯ ಮುಳುಗುವ ಮೊದಲೇ, ಐದೂಕಾಲಿಗೆ, ಗುರವ್ವನ ದಸ್ತಗಿರಿ ದಾಖಲಾಯಿತು. ಗುಡದಪ್ಪನನ್ನು ಬಿಟ್ಟರು. ಅವನು ಯಾರಿಗೂ ಕೈಮುಗಿಯದೆ, ಮೆಟ್ಟಿಲ ಮೇಲೆ ಉಗಿದು ಹೋದ.

ಠಾಣೆಯಲ್ಲಿ ಖಾದರಬಿ ಹೇಳಿಕೆ ಬರೆದುಕೊಳ್ಳುತ್ತಿದ್ದಳು. ಶಾಂಭವಿ ಕೇಳುತ್ತಿದ್ದಳು. ಮಯೂರ ದೀಪ ನೋಡಿ ನಂಬಿದ್ದ. ಗುಡದಪ್ಪ ಟಾಕಿಯ ಕಡೆ ಹೋದ ಮೇಲೆ ಗುರವ್ವ ಒಂದು ಮಾತು ಕೇಳಿದ್ದಳು.

"ಏನು?"

"ಹತ್ತು ತಿಂಗಳಿಂದ ಕೇಳಿದ್ದನ್ನ. ವರದಿ ತಿದ್ರಿ, ತಪ್ಪು ಪೈಪಿಂದು ಅಂತ ಬರೀರಿ ಅಂದೆ. ಹಗೇವು ಮೂರು ದಿನದಿಂದ ಬಾಯಿ ತೆರದಿತ್ರಿ, ದಿನಾ ಇಳದು ಜೋಳ ತಗೀತಿದ್ರು ನಮ್ಮವರು. ದಿನಾ ಇಳಿಯೂ ಹಗೇವಿಗೆ ಯಾರರ ದೀಪ ಇಳಿಸ್ತಾರೇನ್ರಿ? ನೀರು ಹೊಕ್ಕದ್ದು ಅವರಿಗೇನ್ ಗೊತ್ತು? ಅವರು ಸತ್ತ ಮ್ಯಾಲೆ ಸಾಹೇಬ್ರು ಸಿಮೆಂಟು ಬ್ಯಾಡ ಅಂತ ರೂಲು ಮಾಡಿದ್ರು. ಅಂದ್ರ ಗೊತ್ತಿತ್ತು. ಗೊತ್ತಿದ್ದೂ ಹಲಗಿ ಮ್ಯಾಲೆ ಒಂದು ಬರದ್ರು, ವರದ್ಯಾಗ ಒಂದು ಬರದ್ರು. ಊರೆಲ್ಲಾ ನಮ್ಮವರಿಗೆ ಬುದ್ಧಿಗೇಡಿ ಅಂತು."

"ಸಾಹೇಬ್ರು ಏನಂದ್ರು?"

"ಬರದದ್ದು ಬರದದ್ದು, ಬಾಜೂಕ ಸರಿ ಅಂದ್ರು. ಹೂಂ ಅಂದಿದ್ರ ದೀಪ ಮ್ಯಾಲೆ ಎಳಕೊಂತಿದ್ದೆ. ಹಗ್ಗ ನನ್ನ ಕೈಯಾಗ ಇತ್ತು. ಸರದೆ. ಇಳದ್ರು. ಅವರು ಬಿದ್ದಿಂದ ಬ್ಯಾಟರಿದು ಎಳಕೊಂಡು ಎಣ್ಣಿದು ಬಿಟ್ಟೆ."

ಬಾಗಿಲಲ್ಲಿ ಯಾವಾಗಲೋ ರಂಜನಾ ಬಂದು ನಿಂತಿದ್ದಳು. "ಒಂದು ಸಾಲಿಗಾಗಿ ನನ್ನ ಗಂಡನ್ನ ಕೊಂದಿ?" ಎಂದಳು. "ಕೇಳಿದ್ರ ನಾನ ಬರಸ್ತಿದ್ದೆ, ಹಾದರಗಿತ್ತಿ. ನನ್ನ ಹತ್ರ ಬರಬಾರದಾಗಿತ್ತ?"

"ಬಂದಿದ್ದೆ," ಎಂದಳು ಗುರವ್ವ. "ಎರಡ ಸಲ. ಸಾಹೇಬ್ರು ಊಟಕ್ಕ ಕೂತಾರ, ಆಫೀಸಿಗೆ ಹೋಗು ಅಂದ್ರಿ."

ರಂಜನಾ ಮುಂದೆ ನುಗ್ಗಿದಳು. ಖಾದರಬಿ ಎದ್ದು ಅಡ್ಡ ನಿಂತು, ಆಕೆಯನ್ನು ಹೊರಗೆ ಕರೆದೊಯ್ದು ಕಟ್ಟೆಯ ಮೇಲೆ ಕೂರಿಸಿ ಬಂದಳು. ಅಳು ಒಳಗೂ ಕೇಳುತ್ತಿತ್ತು.

ಶಾಂಭವಿ ಹೇಳಿಕೆಯ ಆ ಭಾಗವನ್ನು ತಾನೇ ಹೇಳಿ ಬರೆಸಿದಳು: ಸಿಮೆಂಟಿನಲ್ಲಿ ಹುಗಿದಿದ್ದ ನೀರಿನ ಪೈಪು ನೆಲ ಅಲುಗಿದ್ದರಿಂದ ಒಡೆದು, ನೀರು ಹಗೇವಿಗೆ ಹೊಕ್ಕು ಗಾಳಿ ಕೆಟ್ಟು, ನನ್ನ ಗಂಡ ಈರಬಸಪ್ಪನು ಮೃತಪಟ್ಟಿರುತ್ತಾನೆ, ಇದರಲ್ಲಿ ಅವನ ನಿಷ್ಕಾಳಜಿ ಇರುವುದಿಲ್ಲ.

"ಇನ್ನೊಮ್ಮೆ ಓದ್ರಿ," ಎಂದಳು ಗುರವ್ವ.

ಖಾದರಬಿ ಓದಿದಳು. ಗುರವ್ವ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡಳು.

"ಇಷ್ಟ ಬರಿಯಾಕ ಎಷ್ಟೊತ್ತು ಹಿಡೀತ್ರಿ?"

ಖಾದರಬಿ ಪೆನ್ನಿನ ಟೊಪ್ಪಿಗೆ ಹುಡುಕುತ್ತ ತಲೆ ತಗ್ಗಿಸಿದಳು.